ಅರ್ಧ ಗಂಟೆಯ ಪಾಪ

ಸುಂದರಮ್ಮ ಬಾಯಿ ಬಿಗಿಹಿಡಿದಿದ್ದಳು. ಹಾಗೆಂದರೆ ಏನೂ ಹೇಳಿದಂತಾಗಲಿಲ್ಲ! ಶಹಾಬಾದಿನ ಕಲ್ಲುಗಣಿಯ ಹತ್ತು ಮಂದಿ ಪೈಲ್ವಾನರು ಹಾರೆ ಹಿಡಿದು ಬಂದಿದ್ದರೂ ಆ ಎರಡು ತುಟಿಗಳ ನಡುವೆ ಒಂದು ಸಾಸಿವೆ ಕಾಳು ತೂರಿಸಲು ಆಗುತ್ತಿರಲಿಲ್ಲ. ಮಂಚದ ಈ ಮಗ್ಗುಲಲ್ಲಿ ನರ್ಸ್ ಮಹೆವಿಶ ಅಂಗೈಯಲ್ಲಿ ಬಿಳಿ ಗುಳಿಗೆ ಹಿಡಿದು ಬಾಗಿದ್ದಳು. ಆ ಮಗ್ಗುಲಲ್ಲಿ ಸುಂದರಮ್ಮನ ಗಂಡನ ಅಕ್ಕ ಅಮೃತಮ್ಮ, ಕಾಳಗಿಯಿಂದ ಬಂದವಳು, ಸ್ಟೂಲಿನ ಮೇಲೆ ಕಾಲು ಮಡಚಿ ಕುಳಿತು ಎಲ್ಲವನ್ನೂ ನೋಡುತ್ತಿದ್ದಳು.

“ಅಮ್ಮಾ, ಒಂದೇ ಒಂದು ನುಂಗ್ರಿ. ಬ್ಯಾನಿ ಇಳೀತದ. ನಿದ್ದಿ ಬರ್ತದ.”

ಸುಂದರಮ್ಮ ಬೇಡವೆಂದು ತಲೆಯಾಡಿಸಿದಳು. ಅಷ್ಟರಲ್ಲಿ ಸೊಂಟದ ಎಲುಬಿನೊಳಗಿಂದ ನೋವು ಎದ್ದಿತು... ಬೆರಳುಗಳು ಮಂಚದ ಕಂಬಿಯನ್ನು ಹಿಡಿದವು, ಹಣೆಯ ಮೇಲೆ ಬೆವರು ಒಡೆಯಿತು, ಆದರೆ ಬಾಯಿ ಮಾತ್ರ ತೆರೆಯಲಿಲ್ಲ.

“ಬ್ಯಾಡಂದ್ರ ಬಿಡವ್ವಾ ತಂಗೀ,” ಎಂದಳು ಅಮೃತಮ್ಮ ನರ್ಸ್‌ಗೆ. “ಮಾಡಿದ್ದು ಉಣ್ಣಬೇಕು. ಯಾಕಂತ ಆಕಿಗೇ ಗೊತ್ತದ.”

ಬಾಗಿಲಲ್ಲಿ ಆಗಲೇ ಒಂದು ತೆಂಗಿನಕಾಯಿ, ಒಂದು ಕೆಂಪು ದಾರ, ಒಂದು ಪೊಟ್ಟಣ ಭಂಡಾರದ ಅರಿಶಿನದೊಂದಿಗೆ ದಶರಥ ಬಂದು ನಿಂತ.

ದಶರಥನೆಂದರೆ ಸಾಮಾನ್ಯನಲ್ಲ. ವಾಡಿ ಜಂಕ್ಷನ್ನಿನಲ್ಲಿ ಮೂವತ್ತಾರು ವರ್ಷ ಗ್ಯಾಂಗ್‌ಮನ್ ಆಗಿದ್ದವನು. ಅವನು ಸುತ್ತಿಗೆ ಎತ್ತಿದರೆ ಗುಂತಕಲ್ಲಿನ ಹಳಿ ನಡುಗುತ್ತಿತ್ತು, ಸೀನಿದರೆ ಸೊಲ್ಲಾಪುರದ ಸಿಗ್ನಲ್ಲು ಕೆಂಪಾಗುತ್ತಿತ್ತು! ಒಮ್ಮೆ ಹಳಿ ಬಿರುಕು ಬಿಟ್ಟದ್ದು ಕಂಡು, ಕೆಂಪು ಬಾವುಟ ಬೀಸಿ ಅವನು ಒಂದು ಗೂಡ್ಸ್ ಗಾಡಿ ನಿಲ್ಲಿಸಿದ್ದು ನಿಜ. ಆ ಗೂಡ್ಸು ಮರುವರ್ಷ ಅವನ ಬಾಯಲ್ಲಿ ಪ್ಯಾಸೆಂಜರ್ ಆಯಿತು, ಅದರ ಮರುವರ್ಷ ಎಕ್ಸ್‌ಪ್ರೆಸ್ ಆಯಿತು. ಕೊನೆಕೊನೆಗೆ ಅದರಲ್ಲಿ ಒಬ್ಬ ಮಂತ್ರಿ, ಒಂದು ಮದುವೆ ದಿಬ್ಬಣ, ಏಳು ಮಂದಿ ದಿನ ತುಂಬಿದ ಬಸುರಿಯರು ಕುಳಿತಿದ್ದರು. ಸ್ಟೇಷನ್ನಿನ ಚಹಾದಂಗಡಿಯಲ್ಲಿ ಅವನು ಈ ಕಥೆ ಶುರು ಮಾಡಿದರೆ ಕುದಿಯುವ ಚಹಾ ಆರಿ ತಣ್ಣಗಾಗಿ ಮತ್ತೆ ತಾನೇ ಕುದಿಯುತ್ತಿತ್ತು!

ಅಂಥ ದಶರಥ ಈಗ ಮೂರು ತಿಂಗಳಿಂದ ಓಡುತ್ತಿದ್ದ. ಹೆಂಡತಿಯ ಗರ್ಭಕೋಶದ ಕ್ಯಾನ್ಸರ್ ಎಲುಬಿಗೆ ಇಳಿದಿದೆ, ಇನ್ನು ಮಾಡುವುದೇನೂ ಉಳಿದಿಲ್ಲ ಎಂದು ದೊಡ್ಡ ಆಸ್ಪತ್ರೆಯವರು ಕೈಚೆಲ್ಲಿ, ಶಹಾಬಾದಿನ ಈ ಪುಟ್ಟ ಆಸ್ಪತ್ರೆಗೆ ಕಳಿಸಿದ ದಿನದಿಂದ ಅವನು ನೆಲದ ಮೇಲೆ ಕಾಲೂರಲಿಲ್ಲ. ನಾಗಾವಿ ಎಲ್ಲಮ್ಮನ ಕುಂಕುಮ, ಹಲಕಟ್ಟಾ ದರ್ಗಾದ ಹಸಿರು ದಾರ, ಸನ್ನತಿ ದೇವಿಯ ಭಂಡಾರ, ಸೇಡಂ ಮಠದ ವಿಭೂತಿ... ಮೂವತ್ಮೂರು ಕೋಟಿ ದೇವತೆಗಳಲ್ಲಿ ಅವನ ಅರ್ಜಿ ತಲುಪದವರು ಒಬ್ಬಿಬ್ಬರು ಉಳಿದಿದ್ದರೆ ಅದು ಬಸ್ಸಿನ ತಪ್ಪು! ಸುಂದರಮ್ಮನ ಎಡಗೈಗೆ ಮಣಿಕಟ್ಟಿನಿಂದ ಮೊಣಕೈವರೆಗೆ ದಾರಗಳು. ಸೂಜಿ ಚುಚ್ಚಲು ನರ ಹುಡುಕುವ ನರ್ಸ್‌ಗೆ ಚರ್ಮವೇ ಕಾಣುತ್ತಿರಲಿಲ್ಲ.

“ಚಾಚಾ,” ಮಹೆವಿಶ ಸೊಂಟದ ಮೇಲೆ ಕೈಯಿಟ್ಟಳು, “ಇನ್ನೊಂದು ದಾರ ತಂದೀರಿ? ನಾ ಇಂಜೆಕ್ಷನ್ ಎಲ್ಲಿ ಕೊಡ್ಲಿ, ನಿಮಗ ಕೊಡ್ಲೇನು?”

“ಇದು ಅಂತಿಂಥ ದಾರ ಅಲ್ಲ ಬೇಟಿ! ಇದನ್ನ ಕಟ್ಟಿದ ಮ್ಯಾಲ ಚಿಂಚೋಳ್ಯಾಗ ಒಬ್ಬ ಸತ್ತಾಂವ ಎದ್ದು ಕುಂತು ರೊಟ್ಟಿ ಬೇಡ್ಯಾನಂತ!”

“ಹಂಗಾದ್ರ ಎರಡು ರೊಟ್ಟಿ ಇವರಿಗೆ ತಿನ್ನಿಸ್ರಿ. ಡಾಕ್ಟರು ಈ ಗುಳಿಗಿ ಬರೆದು ನಾಲ್ಕು ದಿನ ಆತು, ಒಂದೂ ನುಂಗಿಲ್ಲ, ಊಟಾನೂ ಇಲ್ಲ.”

ದಶರಥ ನಗಲು ನೋಡಿದ. ನಗೆ ಬರಲಿಲ್ಲ. ಬೆಳಿಗ್ಗೆ ಡಾಕ್ಟರು ಹೇಳಿದ ಮಾತು ಎದೆಯೊಳಗೆ ಗೂಟದಂತೆ ನಿಂತಿತ್ತು. “ಉಳಿಯೂದು ಹದಿನೈದು ದಿನ, ಇಲ್ಲ ಅದಕ್ಕಿಂತ ಕಡಿಮಿ. ಗುಳಿಗಿ ತಗೊಂಡ್ರ ಸಮಾಧಾನದಿಂದ ಹೋಗ್ತಾರ. ತಗೊಳ್ಳಲಿಲ್ಲಂದ್ರ ಚೀರಿ ಚೀರಿ ಹೋಗ್ತಾರ. ಇಷ್ಟೇ ನಮ್ಮ ಕೈಯಾಗ ಇರೋದು.” ಒಬ್ಬಳೇ ಮಗಳು ಸುಮಂಗಲಾ ಚಿಂಚೋಳಿಯಲ್ಲಿ ಹಸಿ ಬಾಣಂತಿ, ಬರುವಂತಿಲ್ಲ. ಉಳಿದವನು ಅವನೊಬ್ಬನೇ.

ಮಹೆವಿಶ ಅಮೃತಮ್ಮನನ್ನು ಚಹಾಕ್ಕೆ ಕಳಿಸಿದಳು. ದಶರಥನನ್ನು ಪರದೆಯಾಚೆ ನಿಲ್ಲಿಸಿದಳು. ಈ ವಾರ್ಡಿನಲ್ಲಿ ಅವಳ ಕೆಲಸ ಬರೀ ಗುಳಿಗೆ ಹಂಚುವುದಲ್ಲ. ದಿನಕ್ಕೊಂದು ತಾಸು ಒಬ್ಬೊಬ್ಬರ ಬಳಿ ಸುಮ್ಮನೆ ಕುಳಿತು ಕೇಳುವುದೂ ಕೆಲಸವೇ. ಯಾರಿಗೆ ಕುರಾನ್ ಬೇಕು, ಯಾರಿಗೆ ವಚನ ಬೇಕು, ಯಾರಿಗೆ ಬುದ್ಧವಂದನೆ ಬೇಕು, ಯಾರಿಗೆ ಯಾವುದೂ ಬೇಡ, ಬರೀ ಕೈ ಹಿಡಿಯಬೇಕು, ಎಲ್ಲ ಅವಳಿಗೆ ಗೊತ್ತು.

“ಅಮ್ಮಾ, ಚಾಚಾ ಎಲ್ಲಾ ದೇವರನ್ನೂ ಕೇಳ್ಕೊಂಡು ಬಂದಾರ. ನಿಮ್ಮನ್ನ ಯಾರೂ ಕೇಳಿಲ್ಲ. ನಿಮಗ ಏನು ಬೇಕು?”

ಪರದೆಯಾಚೆ ನಿಂತ ದಶರಥನಿಗೆ ಸುಂದರಮ್ಮನ ದನಿ ಕೇಳಿತು.

“ನೋವು ಬೇಕು.”

“ಯಾಕಮ್ಮಾ?”

“ನಮ್ಮತ್ತಿ ಒಬ್ಬಾಕೀನೇ ನರಳಿ ಹೋದ್ಲು... ಹದಿನೈದು ವರ್ಷ ಆತು. ಆಕಿ ಹಾಸಿಗಿ ಹಿಡಿದಿದ್ಲು. ಔಷಧ ತರಾಕ ನಾ ಶಹಾಬಾದಕ್ಕ ಬರಬೇಕಿತ್ತು. ನಮ್ಮವರು ಹನ್ನೆರಡಕ್ಕ ಬರ್ತೀನಿ, ಅಲ್ಲೀತನಕ ಇರು ಅಂದಿದ್ರು. ನಾ ಇರಲಿಲ್ಲ ಬೇಟಿ! ಗಾಡಿ ತಪ್ತದ ಅಂತ ಹನ್ನೊಂದೂವರಿಗೇ ಹೊಂಟೆ. ಮಲಗಿದ್ಲು, ‘ಅತ್ತಿ, ಗಾಡಿಗೆ ಹೊಂಟೀನಿ’ ಅಂತ ಕಿವಿಯಾಗ ಹೇಳಿದೆ, ಕೇಳಿಸ್ತೋ ಇಲ್ಲೋ. ಇವರು ಹನ್ನೆರಡಕ್ಕ ಬಂದು ನೋಡ್ತಾರ... ಜೀವ ಹೋಗಿತ್ತು. ನನ್ನ ಆ ಅರ್ಧ ಗಂಟೇದಾಗ ಹೋಗಿತ್ತು! ತಲಿ ಇಟ್ಕೋಳಾಕ ಒಂದು ತೊಡಿ ಇಲ್ಲ, ಬಾಯಿಗೆ ಒಂದು ಹನಿ ನೀರಿಲ್ಲ... ಆ ನೋವು ನಾ ಉಂಡು ತೀರಿಸಿ ಹೋದ್ರ, ಅಲ್ಲಿ ಆಕಿ ಮಾರಿ ನೋಡಾಕ ಬರ್ತದ. ಗುಳಿಗಿ ನುಂಗಿ ಹ್ಯಾಂಗ ಹೋಗ್ಲಿ?”

ದಶರಥನ ಕೈಯಿಂದ ತೆಂಗಿನಕಾಯಿ ಜಾರಿ ಕಲ್ಲುಹಾಸಿನ ಮೇಲೆ ಬಿತ್ತು. ಆ ಸದ್ದಿಗೆ ಇಡೀ ಶಹಾಬಾದೇ ಬೆಚ್ಚಿತೆಂದು ಅವನಿಗೆ ಅನಿಸಿತು. ನಿಜಕ್ಕೂ ಬೆಚ್ಚಿದವನು ಅವನೊಬ್ಬನೇ. ಹದಿನೈದು ವರ್ಷದಿಂದ ಅಕ್ಕ ಅಮೃತಮ್ಮ ಹಬ್ಬಕ್ಕೊಮ್ಮೆ, ಹುಣ್ಣಿಮೆಗೊಮ್ಮೆ ಬಂದು “ನಮ್ಮವ್ವನ್ನ ನಾಯಿ ಸಾಯ್ದಂಗ ಸಾಯಿಸಿದಾಕಿ” ಎಂದು ಚುಚ್ಚುವಾಗ ಅವನು ಎದ್ದು ಹೊರಗೆ ಹೋಗಿ ಬೀಡಿ ಹಚ್ಚುತ್ತಿದ್ದ. ಸುಂದರಮ್ಮ ಎದುರು ಮಾತಾಡುತ್ತಿರಲಿಲ್ಲ. ಮರೆತಿದ್ದಾಳೆ ಎಂದುಕೊಂಡಿದ್ದ! ಈ ಹೆಣ್ಣು ಅದನ್ನು ಎಲುಬಿನೊಳಗೆ ಇಟ್ಟುಕೊಂಡಿದ್ದಳು!

ಮಹೆವಿಶ ಹೊರಗೆ ಬಂದಳು. “ಕೇಳಿದ್ರೇನು ಚಾಚಾ? ಇವರಿಗೆ ಸಾಯೋ ಅಂಜಿಕಿ ಇಲ್ಲ. ಆ ಅರ್ಧ ಗಂಟೇದ ಅಂಜಿಕಿ. ಅದಕ್ಕ ನಮ್ಮ ಕಡಿ ಗುಳಿಗಿ ಇಲ್ಲ. ಆವತ್ತಿನ ಸಂಗತಿ ಗೊತ್ತಿದ್ದವರು ಯಾರರ ಇದ್ರ ಬಂದು ಒಂದು ಮಾತು ಹೇಳಲಿ.”

ಗೊತ್ತಿದ್ದವನು ಜಗತ್ತಿನಲ್ಲಿ ಒಬ್ಬನೇ ಇದ್ದ. ಆದರೆ ನಿಜ ಹೇಳುವ ಅಭ್ಯಾಸ ಅವನಿಗೆ ಇರಲಿಲ್ಲವಲ್ಲ! ಅವನು ತನಗೆ ಬರುವ ವಿದ್ಯೆಯನ್ನೇ ಹೂಡಿದ.

ಮರುದಿನ ಬೆಳಿಗ್ಗೆ ಮಂಚದ ಬಳಿ ಬಂದು ಗಂಟಲು ಸರಿಮಾಡಿಕೊಂಡ. “ಸುಂದ್ರಿ! ನಿನ್ನೆ ಕನಸಿನ್ಯಾಗ ಅವ್ವ ಬಂದಿದ್ಲು! ಬಂಗಾರದ ಇಂಜಿನ್ ಮ್ಯಾಲ ಕುಂತು ಬಂದ್ಲು ಅಂತೀನಿ. ಹಿಂದ ನೂರಾ ಎಂಟು ಡಬ್ಬಿ, ಡಬ್ಬಿ ತುಂಬ ಮಲ್ಲಿಗಿ! ‘ದಶರಥಾ, ನನ್ನ ಸೊಸಿ ಸೊಸಿ ಅಲ್ಲೋ, ಸಾಕ್ಷಾತ್ ದೇವತಿ! ಆಕಿದೇನೂ ತಪ್ಪಿಲ್ಲ, ಗುಳಿಗಿ ನುಂಗಲಿಕ್ಕ ಹೇಳು’ ಅಂದ್ಲು!”

ಸುಂದರಮ್ಮ ಮೆಲ್ಲಗೆ ಕಣ್ಣು ತೆರೆದಳು. ನೋವಿನ ನಡುವೆಯೂ ಆ ಕಣ್ಣಲ್ಲಿ ಒಂದು ಹಳೆಯ ತಮಾಷೆ ಮಿನುಗಿತು.

“ನಿಮ್ಮವ್ವ ಬದುಕಿರೂತನಕ ನನ್ನನ್ನ ಬಾಯಿತುಂಬ ಹೊಗಳಲಿಲ್ಲ. ಸತ್ತ ಮ್ಯಾಲ ದೇವತಿ ಅಂತಾಳಂದ್ರ ಅಲ್ಲಿ ಆಕಿಗೆ ಹುಚ್ಚು ಹಿಡಿದಿರಬೇಕು...” ಎಂದವಳು ತಟ್ಟನೆ ಮುಖ ಕಿವುಚಿದಳು. ನೋವು ಮತ್ತೆ ಎದ್ದಿತ್ತು. ಈ ಸಲ ಬಾಯಿ ಬಿಗಿಹಿಡಿಯಲು ಆಗಲಿಲ್ಲ. ಅವಳು ಚೀರಿದಳು!

ಅಯ್ಯೋ, ಆ ಚೀರು! ಮೂವತ್ತಾರು ವರ್ಷ ಇಂಜಿನ್ನುಗಳ ಸೀಟಿ ಕೇಳಿದ ಕಿವಿ ಅವನದು. ಯಾವ ಸೀಟಿಯೂ ಅವನನ್ನು ಹೀಗೆ ಸೀಳಿರಲಿಲ್ಲ. ಪಕ್ಕದ ಮಂಚದ ಖುರ್ಷಿದಬೇಗಂ ಕಿವಿ ಮುಚ್ಚಿಕೊಂಡು “ಯಾ ಅಲ್ಲಾ, ಯಾರರ ಏನರ ಮಾಡ್ರೋ!” ಎಂದು ಅತ್ತಳು. ಮಹೆವಿಶ ಓಡಿ ಬಂದಳು. ಅಮೃತಮ್ಮ ಸ್ಟೂಲಿನಿಂದ ಏಳದೆ, “ನಮ್ಮವ್ವನೂ ಹಿಂಗ ಚೀರಿದ್ದಾಳು. ಕೇಳಾಕ ಯಾರಿದ್ರು?” ಎಂದಳು.

“ಅಕ್ಕಾ, ಬಾಯಿ ಮುಚ್ಚು!”

ದಶರಥ ಅಕ್ಕನ ಮೇಲೆ ದನಿಯೆತ್ತಿದ್ದು ಜನ್ಮದಲ್ಲಿ ಅದೇ ಮೊದಲು. ಮರುಕ್ಷಣವೇ ಆ ದನಿ ಕುಸಿಯಿತು. ಅವನು ಮಂಚದ ಕಾಲ ಬಳಿ ನೆಲಕ್ಕೆ ಕುಳಿತುಬಿಟ್ಟ.

“ನಾ ಹನ್ನೆರಡಕ್ಕ ಬರಲಿಲ್ಲ.”

ಯಾರಿಗೂ ತಿಳಿಯಲಿಲ್ಲ. “ಏನು?” ಎಂದಳು ಅಮೃತಮ್ಮ.

“ಆವತ್ತು ನಾ ಹನ್ನೆರಡಕ್ಕ ಮನಿಗೆ ಬರಲಿಲ್ಲಕ್ಕಾ. ಮೂರಕ್ಕ ಬಂದೆ. ಚಹಾದಂಗಡ್ಯಾಗ ಕುಂತಿದ್ದೆ. ಗಾಡಿ ನಿಲ್ಲಿಸಿದ ಕಥಿ ಹೇಳಾಕತ್ತಿದ್ದೆ... ಮಂದಿ ಕೂಡಿತ್ತು, ನಗಾಕತ್ತಿದ್ರು, ಏಳಾಕ ಮನಸ್ಸಾಗ್ಲಿಲ್ಲ. ಮೂರಕ್ಕ ಹೋಗಿ ಬಾಗಿಲಾ ತೆಗೀತೀನಿ... ಅವ್ವ ಇನ್ನೂ ಇದ್ಲು.”

ಸುಂದರಮ್ಮನ ನರಳಾಟ ನಿಂತಿತ್ತು.

“ತುಟಿ ಒಣಗಿದ್ವು. ನೀರು ಹಾಕಿದೆ, ಒಂದು ಗುಟುಕು ಕುಡಿದ್ಲು. ನನ್ನ ಮಾರಿ ನೋಡಿ ‘ಸುಂದ್ರವ್ವಗ ಗಾಡಿ ಸಿಕ್ತೇನು?’ ಅಂದ್ಲು. ‘ಸಿಕ್ತವ್ವಾ’ ಅಂದೆ. ಕಣ್ಣು ಮುಚ್ಚಿದ್ಲು. ಅಷ್ಟೇ... ಮಂದಿ ಕೇಳ್ತಾರ, ಮೂರು ತಾಸು ಎಲ್ಲಿದ್ದಿ, ಡಾಕ್ಟರನ್ನ ಯಾಕ ಕರೀಲಿಲ್ಲ ಅಂತಾರ. ಅಂಜಿದೆ. ಹನ್ನೆರಡಕ್ಕ ಬಂದೆ, ಅಷ್ಟರಾಗ ಹೋಗಿತ್ತು ಅಂತ ಹೇಳಿದೆ. ಒಂದು ಸುಳ್ಳು ಸುಂದ್ರೀ! ಉಳಿದ ಸುಳ್ಳೆಲ್ಲಾ ನಗಸಾಕ ಹೇಳಿದ್ದು. ಇದೊಂದು ಮಾತ್ರ ನಿನ್ನ ಕೊರಳಿಗೆ ಕಟ್ಟಿದೆ...”

ಅಮೃತಮ್ಮ ಎದ್ದಳು. ಕೈಯೆತ್ತಿ ತಮ್ಮನ ಕೆನ್ನೆಗೆ ಬಾರಿಸಿದಳು. ಎರಡನೇ ಏಟಿಗೆ ಎತ್ತಿದ ಕೈ ಮೇಲೆಯೇ ನಿಂತಿತು. ಅವಳು ಸುಂದರಮ್ಮನತ್ತ ತಿರುಗಿದಳು. ಹದಿನೈದು ವರ್ಷದ ಬೈಗುಳವೆಲ್ಲ ಒಮ್ಮೆಲೇ ಗಂಟಲಿಗೆ ಮರಳಿ ಬಂದಂತೆ ಅವಳ ಬಾಯಿ ತೆರೆಯಿತು, ಮುಚ್ಚಿತು. “ತಂಗೀ... ನಾ ನಿನಗ ಏನೇನು ಅಂದೆ... ಏನೇನು ಅಂದೆನವ್ವಾ!” ಎಂದು ಮಂಚದ ಅಂಚಿಗೆ ಹಣೆ ಚಚ್ಚಿಕೊಂಡಳು.

ಸುಂದರಮ್ಮ ಅವಳನ್ನು ನೋಡಲಿಲ್ಲ. ಗಂಡನನ್ನೂ ನೋಡಲಿಲ್ಲ. ಮೇಲಿನ ಛಾವಣಿಯನ್ನೇ ನೋಡುತ್ತ ತುಟಿ ಅಲುಗಿಸಿದಳು.

“ಗಾಡಿ ಸಿಕ್ತೇನು ಅಂದ್ಲಾ? ಹಂಗಂದ್ರ... ನಾ ಕಿವಿಯಾಗ ಹೇಳಿದ್ದು ಕೇಳಿಸಿತ್ತು.”

“ಕೇಳಿಸಿತ್ತು.”

“ಸಿಟ್ಟಿದ್ಲೇನು?”

“ಇಲ್ಲ. ನೀ ಓಡಿ ಬಿದ್ದಿಯೇನೋ ಅನ್ನೋ ಕಾಳಜಿ ಇತ್ತು ದನಿಯಾಗ.”

ಇದು ಬಂಗಾರದ ಇಂಜಿನ್ನಿನಂಥ ಮಾತಲ್ಲ. ಆ ಮುದುಕಿ ಆಡಬಹುದಾದ ಮಾತು. ಸುಂದರಮ್ಮನ ಎರಡೂ ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯಿತು. ಅವಳು ಮಹೆವಿಶಳತ್ತ ಕೈ ಚಾಚಿದಳು.

“ಕೊಡು ಬೇಟಿ ಆ ಗುಳಿಗಿ. ಭಾಳ ಬ್ಯಾನಿ ಆಗಾಕತ್ತದ.”

ಮಹೆವಿಶ ಗುಳಿಗೆ ಕೊಟ್ಟಳು, ತಲೆ ಎತ್ತಿ ನೀರು ಕುಡಿಸಿದಳು. ಆಮೇಲೆ ಸುಂದರಮ್ಮ ತಾನೇ ಕೇಳಿ ಎಡಗೈಯ ದಾರಗಳನ್ನೆಲ್ಲ ಕತ್ತರಿಸಿ ತೆಗೆಸಿಕೊಂಡಳು. ಸ್ವಲ್ಪ ಹೊತ್ತಿಗೆ ಅವಳ ಹುಬ್ಬುಗಳ ನಡುವಿನ ಗಂಟು ಸಡಿಲಿತು. ಮೂರು ತಿಂಗಳಲ್ಲಿ ಮೊದಲ ಸಲ!

ಅವಳಿಗೆ ನಿದ್ದೆ ಹತ್ತುವ ಮುನ್ನ ದಶರಥ ಮೊಣಕಾಲ ಮೇಲೆ ಹತ್ತಿರ ಬಂದ. “ನನ್ನ ಮಾಫ್ ಮಾಡ್ತಿಯೇನು ಸುಂದ್ರೀ?”

ಅವಳು ಅವನನ್ನು ಬಹಳ ಹೊತ್ತು ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತು. ಇಲ್ಲವೆಂದರೆ ಸುಳ್ಳಾದೀತು.

“ಹದಿನೈದು ವರ್ಷ ಉಂಡೀನ್ರಿ. ಒಂದೇ ದಿನಕ್ಕ ಹ್ಯಾಂಗ ಆಗ್ತದ? ನನ್ನ ಕಡಿ ದಿನಾನೂ ಇಲ್ಲ... ಕುಂದ್ರಿ. ಎಲ್ಲೂ ಹೋಗಬ್ಯಾಡ್ರಿ.”

ಅವನು ಕುಳಿತ. ಯಾವ ಗುಡಿಗೂ ಹೋಗಲಿಲ್ಲ, ಯಾವ ದರ್ಗಾಕ್ಕೂ ಹೋಗಲಿಲ್ಲ. ಅಮೃತಮ್ಮ ಗಂಡನ ಅಕ್ಕನೆಂಬ ಗತ್ತು ಬಿಟ್ಟು ಬಿಸಿನೀರಲ್ಲಿ ಬಟ್ಟೆ ಅದ್ದಿ ಅವಳ ಮೈ ಒರೆಸಿದಳು, ಗಂಜಿ ಕುಡಿಸಿದಳು. ಮಗಳು ಸುಮಂಗಲಾ ಫೋನಿನಲ್ಲಿ ಕೂಸಿನ ಮುಖ ತೋರಿಸಿದಳು; ಸುಂದರಮ್ಮ ನಕ್ಕು, “ಮೂಗು ಅಜ್ಜಂದು, ಬಾಯಿ ಮಾತ್ರ ಅಜ್ಜಂದಾಗೋದು ಬ್ಯಾಡ” ಎಂದಳು. ವಾರ್ಡಿನವರೆಲ್ಲ ನಕ್ಕರು. ದಶರಥನೂ ನಕ್ಕ, ಅಳುತ್ತ.

ದಿನವೂ ಬೆಳಿಗ್ಗೆ ಅವಳು ಕಣ್ಣು ತೆರೆದೊಡನೆ ಅವನು ಕೇಳುತ್ತಿದ್ದ: “ಆತೇನು ಸುಂದ್ರೀ?”

“ಇನ್ನೂ ಇಲ್ಲ,” ಎನ್ನುತ್ತಿದ್ದಳು. “ಈ ಮಗ್ಗಲಿಗೆ ಹೊರಳಿಸ್ರಿ.”

ಅವನು ಹೊರಳಿಸುತ್ತಿದ್ದ. ಎರಡನೇ ದಿನ, ಮೂರನೇ ದಿನ, ಐದನೇ ದಿನ... ಅದೇ ಪ್ರಶ್ನೆ, ಅದೇ ಉತ್ತರ. ಬೆನ್ನಿಗೆ ಎಣ್ಣೆ ಸವರುವಾಗ ಅವಳ ಎಲುಬುಗಳು ಅವನ ಬೆರಳಿಗೆ ಒಂದೊಂದಾಗಿ ಸಿಗುತ್ತಿದ್ದವು. ನಾಳೆ ಹೇಳಿಯಾಳು, ನಾಳೆ ಹೇಳಿಯಾಳು ಎಂದು ಕಾಯುತ್ತ ಅವನು ಇನ್ನಷ್ಟು ದಿನಗಳನ್ನು ದೇವರಲ್ಲಿ ಬೇಡಲಿಲ್ಲ, ಅವಳಲ್ಲಿಯೇ ಬೇಡಿದ.

ಒಂಬತ್ತನೇ ಬೆಳಿಗ್ಗೆ ಅವಳ ಉಸಿರು ದೂರ ದೂರವಾಯಿತು. ಮಹೆವಿಶ ನಾಡಿ ಹಿಡಿದು ನೋಡಿ, ಅವನ ಭುಜ ಮುಟ್ಟಿ ಸರಿದು ನಿಂತಳು. ಸುಂದರಮ್ಮ ಕಣ್ಣು ತೆರೆದಳು. ದಶರಥ ಕೇಳಲೆಂದು ಬಾಯಿ ತೆರೆದ.

ಅವಳು ಕಷ್ಟಪಟ್ಟು ಕೈ ಎತ್ತಿ ಅವನ ಮಣಿಕಟ್ಟು ಹಿಡಿದಳು.

“ಇವತ್ತು ಕೇಳಬ್ಯಾಡ್ರಿ,” ಎಂದಳು.

ಅವನು ಕೇಳಲಿಲ್ಲ. ಕೈ ಹಾಗೆಯೇ ಇತ್ತು. ಮಧ್ಯಾಹ್ನ ಹನ್ನೆರಡರ ಮೇಲೆ, ಒಂದು ನರಳಿಕೆಯೂ ಇಲ್ಲದೆ ಅವಳು ಹೋದಳು. ಅವನ ಮಣಿಕಟ್ಟಿನಿಂದ ಆ ಬೆರಳುಗಳನ್ನು ಒಂದೊಂದಾಗಿ ಅಮೃತಮ್ಮನೇ ಬಿಡಿಸಬೇಕಾಯಿತು.