ಗೋಣಿ ಸುತ್ತಿದ ಕಲ್ಲುಗಳು

“ಕಲ್ಲಿಗೆ ಯಾರಾದ್ರೂ ಗೋಣಿ ಸುತ್ತುತ್ತಾರಾ?”

ಅಡುಗೆಯವಳು ಓಪಲ್ ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಅಡುಗೆ ಡೇರೆಯ ಹಿಂದೆ ಆಗ ಅವಳೊಬ್ಬಳೇ ಇದ್ದಳು. ಎದುರಿಗೆ ಬಾಯಿ ಬಿಚ್ಚಿದ ಕ್ಯಾನ್ವಾಸ್ ಹೇರುಚೀಲ. ಅದರಲ್ಲಿ ಕರಡಿಬೇಲಿಗೆ ಕರೆಂಟು ಹಾಯಿಸುವ ಪೆಟ್ಟಿಗೆ ಇರಬೇಕಿತ್ತು. ಇದ್ದದ್ದು ಏಳು ಗುಂಡುಕಲ್ಲು.

ಕಲ್ಲುಗಳನ್ನು ಸುಮ್ಮನೆ ತುಂಬಿರಲಿಲ್ಲ. ಓಟ್ಸ್ ಬರುವ ಗೋಣಿಯಲ್ಲಿ ಬಿಗಿಯಾಗಿ ಸುತ್ತಿದ್ದರು. ಒಂದು ಪಕ್ಕಕ್ಕೆ ಮಾತ್ರ ಗೋಣಿಯನ್ನು ನಾಲ್ಕು ಮಡಿಕೆ ಮಡಿಸಿ ದಿಂಬಿನಂತೆ ಒತ್ತಿದ್ದರು. ಹೇಸರಗತ್ತೆ ಸಬೀನಾಳ ಎಡಪಕ್ಕೆಗೆ ತಾಗುವ ಪಕ್ಕ ಅದು.

ಓಪಲ್ ಕೈ ಒರೆಸಿಕೊಂಡಳು. “ಡೆಲ್ಲಾ! ಇಲ್ಲಿ ಬಾ. ಓಡಬೇಡ, ನಡ್ಕೊಂಡೇ ಬಾ.”

ಡೆಲ್ಲಾ ಹ್ಯಾಸ್ಕೆಟ್ ಓಡಿಯೇ ಬಂದಳು. ಈ ಬೇಟೆ ಕ್ಯಾಂಪು ಅವಳದು. ಅವಳಿಗೆ ಮುಂಚೆ ಅವಳ ಅಪ್ಪನದು. ಚೀಲದೊಳಗೆ ಇಣುಕಿ ತಳದವರೆಗೆ ಕೈಯಾಡಿಸಿದಳು.

“ನಾಳೆ ಮಧ್ಯಾಹ್ನ ರೇಂಜರ್ ಬರ್ತಾನೆ, ಓಪಲ್.”

“ಗೊತ್ತು.”

“ಬೇಲಿ ಮುಟ್ಟಿ ನೋಡ್ತಾನೆ. ಚುರ್ ಅನ್ನಲಿಲ್ಲ ಅಂದ್ರೆ ಕ್ಯಾಂಪು ರದ್ದು. ಅಪ್ಪ ಹಾಕಿದ ಕ್ಯಾಂಪು. ನಲವತ್ತೊಂದು ವರ್ಷ.”

ಹೋದ ವರ್ಷ ಕಂದು ಕರಡಿಯೊಂದು ಮಾಂಸದ ಡೇರೆಗೆ ನುಗ್ಗಿತ್ತು. ಅಂದಿನಿಂದ ಅರಣ್ಯ ಇಲಾಖೆಯ ಷರತ್ತು ಒಂದೇ. ಸೀಸನ್ನಿಗೆ ಮುಂಚೆ ಕರೆಂಟು ಬೇಲಿ ನಿಂತಿರಬೇಕು. ಇಲ್ಲವಾದರೆ ಪರವಾನಗಿ ಮುಂದಿನವರಿಗೆ. ಮುಂದಿನವನು ಯಾರೆಂದು ಕೆಟಲ್ ಫೋರ್ಕ್ ಊರಿಗೆಲ್ಲ ಗೊತ್ತಿತ್ತು. ಗಾರ್ತ್ ವಿಟ್ಲೋ. ಆರು ವರ್ಷದಿಂದ ಈ ಕಣಿವೆಯ ಮೇಲೆ ಕಣ್ಣಿಟ್ಟವನು.

ರಸ್ತೆ ಇಲ್ಲಿಂದ ಹದಿನಾರು ಮೈಲಿ ಕೆಳಗಿತ್ತು. ಹೋಗಿ ಹೊಸ ಪೆಟ್ಟಿಗೆ ತರಲು ಎರಡು ದಿನ ಬೇಕು.

“ಗಾರ್ತ್!” ಡೆಲ್ಲಾ ಹಲ್ಲು ಕಚ್ಚಿದಳು. “ಬೆಳಿಗ್ಗೆ ನಾವು ಹೊರಡೋ ಹೊತ್ತಿಗೆ ರಸ್ತೆ ಪಕ್ಕದ ಕೊಟ್ಟಿಗೆಗೆ ಬಂದಿದ್ದ. ಹೇರು ಎತ್ತೋಕೆ ನಾನೂ ಕೈ ಹಾಕ್ತೀನಿ ಅಂದ. ನಾನೊಬ್ಬಳು ದಡ್ಡಿ, ಥ್ಯಾಂಕ್ಸ್ ಬೇರೆ ಹೇಳಿದೆ!”

ಓಪಲ್ ಒಂದು ಕಲ್ಲನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಒಲೆಯ ಕಡೆ ನಡೆದಳು.

*

ಡೇರೆಯ ನಡುವೆ ಹಲಗೆ ಮೇಜು. ಅದರ ಮೇಲೆ ಬೆಟ್ಟದ ನಕ್ಷೆ. ನಾಲ್ಕು ಮೂಲೆಗೆ ನಾಲ್ಕು ಕಾಫಿ ಲೋಟ. ನಾಡಿದ್ದು ನಾಲ್ವರು ಬೇಟೆಗಾರರು ಬರುವವರಿದ್ದರು. ಯಾರನ್ನು ಎಲ್ಲಿ ಕೂರಿಸಬೇಕು, ಯಾವ ಹೊತ್ತಿಗೆ ಗಾಳಿ ಎತ್ತ, ಕಡವೆಯಂಥ ಎಲ್ಕ್‌ಗಳ ಹಿಂಡು ಯಾವ ಇಳಿಜಾರಿನಿಂದ ಇಳಿಯುತ್ತದೆ, ಎಲ್ಲಕ್ಕೂ ಪೆನ್ಸಿಲ್ ಗೆರೆ ಬಿದ್ದಾಗಿತ್ತು. ಮಂಡಿ ನೋವಿನ ಮುದುಕನಿಗೆ ಕೆಳಗಿನ ಕಣಿವೆಬಾಯಿ. ಉಳಿದವರಿಗೆ ಎಲ್ಕ್ ಹೊರಳಾಡುವ ಕೆಸರುಗುಂಡಿಯ ಸುತ್ತ.

ಮೇಜಿನ ಒಂದು ಕಡೆ ಟ್ರೇಸ್. ಈ ವರ್ಷ ಸೇರಿದ ಗೈಡ್. ಹೋದ ವರ್ಷದವರೆಗೆ ಗಾರ್ತ್ ಹತ್ತಿರ ಇದ್ದವನು. ಇನ್ನೊಂದು ಕಡೆ ಬೆನ್ಯಾತ್. ಸ್ಪೇನ್ ಗಡಿಯ ಬಾಸ್ಕ್ ಕುರಿಗಾಹಿಗಳ ಮನೆತನದ ಮುದುಕ. ಹನ್ನೊಂದು ಹೇಸರಗತ್ತೆಗಳಿಗೆ ಹೇರು ಕಟ್ಟುವುದು, ಬಿಚ್ಚುವುದು, ಮೈ ತಿಕ್ಕುವುದು ಎಲ್ಲ ಅವನದೇ. ಡೆಲ್ಲಾಳನ್ನು ಮೊದಲ ಸಲ ಜೀನಿನ ಮೇಲೆ ಕೂರಿಸಿದವನೂ ಅವನೇ. ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನು ತನ್ನ ಭಾಷೆಯಲ್ಲೇ ಹೇಳುತ್ತಿದ್ದ. ಓಪಲ್‌ಗೆ ಅರ್ಥವಾಗುತ್ತಿರಲಿಲ್ಲ. ಆದರೂ ಮೂವತ್ತಾರು ಶರತ್ಕಾಲ ಅದಕ್ಕೆ ಆಮೆನ್ ಅಂದಿದ್ದಳು.

“ಕೊಟ್ಟಿಗೆಯಲ್ಲಿ ಹೇರು ತೂಗಿದ್ಯಾರು?” ಡೆಲ್ಲಾ ಕೇಳಿದಳು.

“ನಾನು,” ಬೆನ್ಯಾತ್ ಹೇಳಿದ. “ಎಡಕ್ಕೆ ಮೂವತ್ತೆಂಟು ಪೌಂಡು, ಬಲಕ್ಕೆ ಮೂವತ್ತೆಂಟು. ಆಮೇಲೆ ಗಾರ್ತ್ ಅಲ್ಲೇ ಓಡಾಡ್ತಿದ್ದ. ನಾನು ಲಾಳ ನೋಡೋಕೆ ಆ ಕಡೆ ಹೋದೆ.”

“ಗಾರ್ತ್ ಹಂಗೆ ಮಾಡೋನಲ್ಲ,” ಟ್ರೇಸ್ ಅಂದ. ಅಂದಮೇಲೆ ನಾಲಿಗೆ ಕಚ್ಚಿಕೊಂಡ.

“ಓಹೋ! ಹಳೇ ಯಜಮಾನ್ರ ಮೇಲೆ ಇನ್ನೂ ಪ್ರೀತಿ ಇಳಿದಿಲ್ಲ.”

“ಪ್ರೀತಿ ಅಲ್ಲ ಮೇಡಂ. ಅವನು ಸೋಮಾರಿ. ಕಲ್ಲು ಹೊರೋಷ್ಟು ಕಷ್ಟ ಪಡಲ್ಲ.”

ಬೆನ್ಯಾತ್ ನಕ್ಕುಬಿಟ್ಟ. ಟ್ರೇಸ್‌ಗೆ ಧೈರ್ಯ ಬಂತು. “ನೀನ್ಯಾಕೆ ನಗ್ತೀಯ ಮಾಮ? ಸೀಸನ್ ಮುಗೀಲಿ. ನಿನ್ನ ಹನ್ನೊಂದು ಜನ ಹೆಂಡ್ತೀರೂ ಹರಾಜಿಗೆ ಹೋಗ್ತಾರೆ. ಆಗ ಅಳ್ತೀಯ.”

“ಅವನ್ನ ಕೊಳ್ಳೋರು ಇರ್ತಾರೆ ಕಣೋ. ನಿನ್ನ ಹರಾಜಿಗೆ ನಿಲ್ಲಿಸಿದ್ರೆ ಒಬ್ಬನೂ ಕೈ ಎತ್ತಲ್ಲ.”

“ಸಾಕು!” ಡೆಲ್ಲಾ ಮೇಜು ಗುದ್ದಿದಳು. ಕಾಫಿ ನಕ್ಷೆಯ ಮೇಲೆ ಚೆಲ್ಲಿತು. “ಮುಂದಿನ ವರ್ಷದಿಂದ ಬಾಡಿಗೆ ಹೇಸರಗತ್ತೆ ಅಂತ ಆಗಲೇ ತೀರ್ಮಾನ ಆಗಿದೆ. ಕ್ಯಾಂಪೇ ಇಲ್ಲದಿದ್ರೆ ಆ ಮಾತೂ ಇಲ್ಲ. ದಾರೀಲಿ ಬಿಳಿಹಳ್ಳದ ಹತ್ರ ಊಟ ಮುಗಿಸಿ ನಾನೂ ಓಪಲ್ಲೂ ಡೇರೆ ಎಬ್ಬಿಸೋಕೆ ಮುಂದೆ ಬಂದ್ವಿ. ಹಿಂದೆ ನೀವಿಬ್ಬರೇ. ಒಂದೂವರೆ ಗಂಟೆ ಏನು ಮಾಡಿದ್ರಿ?”

“ಹೇಸರಗತ್ತೆ ಕಾಯ್ತಾ ಇದ್ದೆ,” ಟ್ರೇಸ್ ಅಂದ. “ಊಟ ಮಾಡಿದೆ, ನೀರು ಕುಡಿಸಿದೆ, ಹೊರಟೆ.”

“ನಾನು ಹೇರಿಳಿಸಿ ಟೋಪಿ ಮುಖಕ್ಕೆ ಮುಚ್ಚಿಕೊಂಡು ಮಲಗಿದ್ದೆ,” ಬೆನ್ಯಾತ್ ಅಂದ. “ಇವನೇನು ಮಾಡಿದ್ನೋ ದೇವರಿಗೇ ಗೊತ್ತು.”

ಓಪಲ್ ಹಿಟ್ಟು ನಾದುತ್ತಿದ್ದಳು. ತಲೆ ಎತ್ತಲಿಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಬೈಬಲ್ಲಿನ ಕೀರ್ತನೆಗಳನ್ನು ಬಾಯಿಪಾಠ ಹೇಳುತ್ತಿದ್ದಳು. ಕೇಳಿ ಕೇಳಿ ಓಪಲ್‌ಳ ಕಿವಿ ಪಳಗಿತ್ತು. ನಡುವೆ ಒಂದು ಸಾಲು ಹಾರಿದರೂ ಕಿವಿ ತಟ್ಟನೆ ನಿಮಿರುತ್ತಿತ್ತು. ಈಗಲೂ ನಿಮಿರಿತು. ಟ್ರೇಸ್‌ನ ಮಾತಿನಲ್ಲಿ ಒಂದು ಸಾಲು ಕಾಣೆಯಾಗಿತ್ತು. ಊಟಕ್ಕೂ ನೀರಿಗೂ ನಡುವೆ.

*

ಜೇಬಿನ ಕಲ್ಲನ್ನು ಓಪಲ್ ಬಿಸಿಲಿಗೆ ಹಿಡಿದಳು. ನುಣುಪಾದ ಹೊಳೆಗಲ್ಲು. ತಳದಲ್ಲಿ ಇನ್ನೂ ತೇವ. ತೇವದಲ್ಲಿ ಬೆರಳುಗುರಿನಷ್ಟು ಉದ್ದದ ಮೂರು ಸಣ್ಣ ಕೊಳವೆಗಳು. ಮರಳಿನ ಕಣಗಳನ್ನು ಅಂಟಿಸಿ ಗೂಡು ಕಟ್ಟಿಕೊಳ್ಳುವ ನೀರುಹುಳುವಿನ ಮನೆಗಳು. ಕಡ್ಡಿಯಿಂದ ಮುಟ್ಟಿದಳು. ಹುಳು ಮೆಲ್ಲಗೆ ತಲೆ ಒಳಗೆಳೆದುಕೊಂಡಿತು.

ಕೊಟ್ಟಿಗೆಯ ಅಂಗಳದಲ್ಲಿ ಧೂಳು ಬಿಟ್ಟರೆ ಏನೂ ಇಲ್ಲ. ಬೆಳಿಗ್ಗೆ ತುಂಬಿದ ಕಲ್ಲಾಗಿದ್ದರೆ ಹುಳು ಸತ್ತು ಒಣಗಿರುತ್ತಿತ್ತು. ಇದು ಮಧ್ಯಾಹ್ನ ನೀರಿನಿಂದ ಎತ್ತಿದ್ದು. ಬಿಳಿಹಳ್ಳದಲ್ಲಿ.

ಗಾರ್ತ್ ಅಲ್ಲ. ಹೊರಗಿನವರು ಯಾರೂ ಅಲ್ಲ. ಇದೇ ಮೇಜಿನ ಮುಂದೆ ಕೂತ ಇಬ್ಬರಲ್ಲಿ ಒಬ್ಬರು.

ಅವಳಿಗೆ ಡೇರೆಯೊಳಗೆ ಹೋಗಲು ಮನಸ್ಸಾಗಲಿಲ್ಲ. ಒಳಗಿದ್ದವರಿಗೆಲ್ಲ ಅವಳೇ ರೊಟ್ಟಿ ಬಡಿಸಬೇಕಿತ್ತು.

ಆಗ ಗಾಳಿ ತಿರುಗಿತು. ಒಲೆಯ ಪಕ್ಕದಿಂದ ಗಬ್ಬು ನಾತವೊಂದು ಮೂಗಿಗೆ ಬಡಿಯಿತು.

*

“ಟ್ರೇಸ್, ನನ್ನ ಒಲೆ ಪಕ್ಕ ಬೂಟು ಒಣಗಿಸೋಕೆ ಇಟ್ಟೋನು ನೀನೇನಾ?”

“ಹೂಂ. ಒದ್ದೆ ಆಗಿತ್ತು.”

“ಬ್ರೆಡ್ಡಿನ ವಾಸನೆ ಬರಬೇಕಾದ ಕಡೆ ಗಂಡು ಎಲ್ಕ್ ಉಚ್ಚೆ ವಾಸನೆ ಬರ್ತಿದೆ.”

ಟ್ರೇಸ್‌ನ ಕಿವಿ ಕೆಂಪಾಯಿತು. ಡೆಲ್ಲಾ ಬೂಟು ಎತ್ತಿಕೊಂಡಳು. ಅಟ್ಟೆಗೆ ಕಪ್ಪು ಕೆಸರು ಮೆತ್ತಿತ್ತು. ಕೆಸರಲ್ಲಿ ಒರಟಾದ ಕಂದು ಕೂದಲು.

“ನೀನು ಕೆಸರುಗುಂಡಿಗೆ ಹೋಗಿದ್ದೆ,” ಅವಳು ನಿಧಾನವಾಗಿ ಅಂದಳು.

“ಗಂಡು ಕೂಗ್ತಾ ಇತ್ತು ಮೇಡಂ. ನೀವು ಹೊರಟ ಕೂಡಲೇ. ಅಂಥ ಕೂಗು ನಾನು ಕೇಳೇ ಇರಲಿಲ್ಲ. ಎಷ್ಟು ದೊಡ್ಡದು ಅಂತ ನೋಡಿ ಬಂದುಬಿಡೋಣ ಅಂತ…”

“ಬೇಟೆಗೆ ನಾಲ್ಕು ದಿನ ಮುಂಚೆ ನಿನ್ನ ಬೆವರಿನ ವಾಸನೆ ಅಲ್ಲಿ ಬಿಟ್ಟು ಬಂದ್ಯಾ? ಕಾಲಿಡಬೇಡ ಅಂತ ಮೂರು ಸಲ ಹೇಳಿದ್ದೆ! ಇನ್ನು ಆ ಕಡೆ ಒಂದೂ ತಲೆ ಹಾಕಲ್ಲ. ಇಡೀ ನಕ್ಷೆ ಒರೆಸಿ ಹೊಸದಾಗಿ ಬರೀಬೇಕು!”

“ಅದಕ್ಕೇ ಹೇಳಲಿಲ್ಲ.”

“ಬೈಗುಳ ಆಮೇಲೆ,” ಓಪಲ್ ತಡೆದಳು. “ಹಳ್ಳದಿಂದ ಗುಂಡಿಗೆ ಎಷ್ಟು ಹೊತ್ತು?”

“ಹತ್ತೋಕೆ ಮುಕ್ಕಾಲು ಗಂಟೆ. ಇಳಿಯೋಕೆ ಸ್ವಲ್ಪ ಕಮ್ಮಿ.”

“ನೀನು ಇಳಿದು ಬಂದಾಗ?”

“ಮಾಮ ಹೇರು ಮತ್ತೆ ಏರಿಸಿ ಮುಗಿಸಿದ್ದ. ಹೊರಡು ಹೊರಡು ಅಂದ.”

 ಒಲೆಯ ಕಟ್ಟಿಗೆ ಚಟ್ಟನೆ ಸಿಡಿಯಿತು. ಡೆಲ್ಲಾ ಬೂಟು ಹಿಡಿದೇ ಬೆನ್ಯಾತ್ ಕಡೆ ತಿರುಗಿದಳು. ತಿರುಗಿದವಳು ಓಪಲ್‌ಳನ್ನು ನೋಡಿದಳು. ಬೇಡ, ಹೇಳಬೇಡ ಎಂಬಂತೆ.

ಓಪಲ್ ಲೋಟಕ್ಕೆ ಕಾಫಿ ಬಗ್ಗಿಸಿ ಮುದುಕನ ಮುಂದಿಟ್ಟಳು. ಸಕ್ಕರೆ ಎರಡು ಚಮಚ. ಕೇಳಬೇಕಾಗಿರಲಿಲ್ಲ.

“ಬೆನ್ಯಾತ್, ಮೊದಲು ನಂಗೂ ಗಾರ್ತ್ ಮೇಲೇ ಅನುಮಾನ. ಆದ್ರೆ ಕಲ್ಲಲ್ಲಿ ಹುಳು ಬದುಕಿತ್ತು. ಹಳ್ಳದ್ದು. ಆಮೇಲೆ ಈ ಟ್ರೇಸ್ ಮೇಲೆ. ಅವನಿಗೆ ಹೊತ್ತೇ ಇರಲಿಲ್ಲ. ಮೇಲೆ ಹತ್ತಿ ಇಳಿಯೋದ್ರಲ್ಲೇ ಮುಗೀತು.”

“ಉಳಿದೋನು ನಾನು ಅಂತಲಾ? ನಾನು ಮಲಗಿದ್ದೆ. ಬೇರೆ ಯಾರೋ ಬಂದಿರಬಹುದು.”

“ಬಂದಿರಬಹುದು. ಬಂದೋನು ಕಲ್ಲು ತುಂಬಬಹುದು. ತೂಕ ಕಮ್ಮಿ ಆದ್ರೆ ಹೇರು ವಾಲುತ್ತೆ, ನಮಗೆ ಗೊತ್ತಾಗುತ್ತೆ. ಕಲ್ಲು ಇಟ್ಟಿದ್ದು ನಮ್ಮ ಕಣ್ಣು ಕಟ್ಟೋಕೆ. ಸರಿ. ಆದ್ರೆ ಆ ಗೋಣಿ?” ಓಪಲ್‌ಳ ದನಿ ಇಳಿಯಿತು. “ಗೋಣಿ ನಮಗಲ್ಲ. ಹೊರಗಿಂದ ಕಾಣೋದೇ ಇಲ್ಲ ಅದು. ಗೋಣಿ ಸಬೀನಾಗೆ.”

ಬೆನ್ಯಾತ್ ಲೋಟ ಎತ್ತಲಿಲ್ಲ.

“ಸಬೀನಾ ಎಡಪಕ್ಕೆಗೆ ಬೇಸಿಗೆಯಲ್ಲಿ ಜೀನು ಉಜ್ಜಿ ಹುಣ್ಣಾಗಿತ್ತು. ಈಗ ಕೂದಲು ಬಂದಿದೆ. ನೋಡಿದ್ರೆ ಗೊತ್ತಾಗಲ್ಲ. ಟ್ರೇಸ್‌ಗೆ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಅಲ್ಲೇ ಜೀನಿನ ಪಟ್ಟಿ ಎಳೆದು ಒದೆ ತಿಂದ. ಡೆಲ್ಲಾಗೂ ಮರೆತಿದೆ. ಎರಡು ತಿಂಗಳು ದಿನಾ ಮುಲಾಮು ಹಚ್ಚಿದೋನು ನೀನು. ಕದಿಯೋ ಆತುರದಲ್ಲೂ ನಿನ್ನ ಕೈ ಕೇಳಲಿಲ್ಲ. ಬರೀ ಕಲ್ಲು ಅವಳ ಪಕ್ಕೆಗೆ ಒತ್ತೋಕೆ ಬಿಡಲಿಲ್ಲ.”

ಮುದುಕ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

“ನಾಲ್ಕು ಗಂಟೆ ದಾರಿ, ಓಪಲ್. ಎಲ್ಲಾ ಏರು.”

ಅಷ್ಟೇ. ಅದೇ ಒಪ್ಪಿಗೆ.

ಡೆಲ್ಲಾ ಬೂಟು ಕೆಳಗಿಟ್ಟಳು. “ಗಾರ್ತ್ ಏನು ಕೊಡ್ತೀನಿ ಅಂದ?”

“ನಂಗೇನೂ ಇಲ್ಲ. ಹೊಳೆ ದಂಡೆಲಿ ಅವನ ಹುಲ್ಲುಗಾವಲಿದೆ. ಕ್ಯಾಂಪು ಅವನಿಗೆ ಬಂದ್ರೆ ಹನ್ನೊಂದಕ್ಕೂ ಸಾಯೋತನಕ ಅಲ್ಲೇ ಜಾಗ ಅಂದ. ಹರಾಜಿನ ಲಾರಿ ಮುದಿ ಹೇಸರಗತ್ತೆನ ಗಡಿ ದಾಟಿಸಿ ಯಾವ ಕಸಾಯಿಖಾನೆ ಮುಂದೆ ಇಳಿಸುತ್ತೆ ಅಂತ ನಂಗೊತ್ತು. ನಿಂಗೂ ಗೊತ್ತು, ಮಗಳೇ.”

“ನನ್ನ ಕೇಳಬಹುದಿತ್ತು!”

“ಕೇಳಿದೆ. ಮೂರು ಸಲ ಕೇಳಿದೆ. ನೀನು ತಲೆ ಬಗ್ಗಿಸಿ ನಕ್ಷೆಗೆ ಗೆರೆ ಎಳೀತಾ ಇದ್ದೆ. ಆಮೇಲೆ ನೋಡೋಣ ಮಾಮ ಅಂದೆ.”

ಅದು ನಿಜವಾಗಿತ್ತು. ಮೂರನೆಯ ಸಲ ಓಪಲ್ ಅಲ್ಲೇ ಇದ್ದಳು. ಅವಳೂ ಕೇಳಿಸಿಕೊಂಡಿದ್ದಳು. ಅವಳೂ ಸುಮ್ಮನಿದ್ದಳು.

“ಪೆಟ್ಟಿಗೆ ಎಲ್ಲಿದೆ?” ಓಪಲ್ ಕೇಳಿದಳು. “ಒಡೆದಿರಲ್ಲ ನೀನು.”

“ಹಳ್ಳ ದಾಟೋ ಜಾಗದ ಮೇಲ್ಗಡೆ ಬಾಗಿದ ವಿಲೋ ಮರ. ಅದರ ಬೇರಡಿ. ನನ್ನ ಮಳೆಕೋಟು ಸುತ್ತಿದ್ದೀನಿ.”

*

ಬಿಸಿಲು ಇನ್ನೂ ಎರಡು ಗಂಟೆ ಇತ್ತು. ಡೆಲ್ಲಾ ಮಾತು ಕಡಿಮೆ ಮಾಡಿದಳು.

“ಟ್ರೇಸ್, ನೀನು ಹೊರಡು. ರಾತ್ರಿ ಅಲ್ಲೇ ಉಳಿ. ಬೆಳಕು ಹರಿದ ಮೇಲೆ ಏರು. ಪೆಟ್ಟಿಗೆ ಒಂದು ಕಡೆ, ಇನ್ನೊಂದು ಕಡೆಗೆ ಸಮ ತೂಕದ ಕಲ್ಲು. ಹತ್ತು ಗಂಟೆಗೆ ಇಲ್ಲಿರಬೇಕು. ಸಬೀನಾನೇ ಕರ್ಕೊಂಡು ಹೋಗು. ನೀರಿಗೆ ಹೆದರದೇ ಇರೋಳು ಅವಳೊಬ್ಬಳೇ.”

ಟ್ರೇಸ್ ಜೀನು ಹೊರಿಸತೊಡಗಿದ. ಅವಸರದಲ್ಲಿ ಪಟ್ಟಿ ಎಳೆದ. ಸಬೀನಾ ಕಿವಿ ಹಿಂದಕ್ಕೆ ಮಡಿಸಿ ಪಕ್ಕಕ್ಕೆ ಸರಿದಳು. ಅವನು ಬೈದು ಮತ್ತೆ ಎಳೆದ. ಅವಳು ಮತ್ತೆ ಸರಿದಳು. ಕತ್ತು ತಿರುಗಿಸಿ ಡೇರೆಯ ಬಾಗಿಲ ಕಡೆ ನೋಡಿದಳು.

ಬೆನ್ಯಾತ್ ಅಲ್ಲಿ ನಿಂತಿದ್ದ. ಹೆಗಲ ಮೇಲೆ ಅವನ ಗಂಟು. ನಾಳೆ ರೇಂಜರ್ ಬರುವ ಮುಂಚೆ ಅವನು ಕೆಲಸ ಬಿಟ್ಟು ಕಾಲ್ನಡಿಗೆಯಲ್ಲಿ ಬೆಟ್ಟ ಇಳಿಯಬೇಕೆಂದು ಡೆಲ್ಲಾ ಆಗಲೇ ಹೇಳಿದ್ದಳು.

“ಪಟ್ಟಿ ಆ ಜಾಗಕ್ಕೇ ಬೀಳ್ತಿದೆ,” ಅವನು ಮೆಲ್ಲಗೆ ಅಂದ. “ಎರಡು ಬೆರಳು ಹಿಂದಕ್ಕೆ ಸರಿಸಬೇಕು. ಅದೊಂದು ನಾನು ಕಟ್ಟಿಬಿಡ್ತೀನಿ ಡೆಲ್ಲಾ. ಅದೊಂದೇ. ಆಮೇಲೆ ಮುಟ್ಟಲ್ಲ.”

ಡೆಲ್ಲಾ ಅವನ ಕೈಗಳನ್ನು ನೋಡಿದಳು. ಅವಳನ್ನು ಮೊದಲ ಸಲ ಜೀನಿಗೆ ಏರಿಸಿದ್ದ ಕೈಗಳು. ಎತ್ತರದ ಇಳಿಜಾರಿನಲ್ಲಿ ಗಂಡು ಎಲ್ಕ್ ಒಂದು ಕೂಗಿತು. ಸಿಳ್ಳಿನಂತೆ ಎದ್ದು ಗೊಗ್ಗರಾಗಿ ಮುಗಿಯಿತು. ಯಾರೂ ತಲೆ ಎತ್ತಿ ನೋಡಲಿಲ್ಲ.

ಅವಳು ತಾನೇ ಹೋಗಿ ಸಬೀನಾಳ ಪಕ್ಕ ನಿಂತಳು. ಪಟ್ಟಿಯನ್ನು ಎರಡು ಬೆರಳು ಹಿಂದಕ್ಕೆ ಸರಿಸಿದಳು.

“ಇಲ್ಲ, ಬೆನ್ಯಾತ್ ಅವರೇ,” ಅಂದಳು. “ಬೇಡ.”