ಏಳನೆಯ ಪುಟ

ಹಣೆಗೆ ಯಂತ್ರದ ಪಟ್ಟಿ ಕಟ್ಟಿಕೊಂಡು ಕುಳಿತ ಬಸಲಿಂಗನನ್ನು ಡಾಕ್ಟರ್ ನೂರಜಹಾನ್ ನದಾಫ್ ಕೇಳಿದಳು, "ಈ ಸಲ ಪಂಚಾಯ್ತಿಗೆ ಯಾರು ಬರಬೇಕಂತೀರಿ?" ಬಸಲಿಂಗ ಹೆಸರು ಹೇಳಿದ, ಕಾರಣವನ್ನೂ ಹೇಳಿದ. ಚಾವಡಿಯ ಗೋಡೆಯ ಮೇಲೆ ಬೆಳಕಿನ ಗಿಡವೊಂದು ಮೂಡಿತು. ಅದರ ಬೇರುಗಳು ಒಂದೊಂದಾಗಿ ಕೆಳಗಿಳಿದವು. ಎಲ್ಲವೂ ನೀಲಿ.

"ನೀಲಿ ಅಂದ್ರ ಫೋನಿನಾಗ ನೋಡಿದ್ದು," ಎಂದಳು ನೂರಜಹಾನ್. "ಹಳದಿ ಅಂದ್ರ ಮಂದಿ ಬಾಯಿಂದ ಕೇಳಿದ್ದು. ಹಸಿರು, ಸ್ವಂತ ಕಣ್ಣಿಂದ ಕಂಡಿದ್ದು."

ಚಾವಡಿಯೆಲ್ಲ ನಕ್ಕಿತು. ಬಸಲಿಂಗನೂ ನಕ್ಕ, ಆದರೆ ಪಟ್ಟಿ ಬಿಚ್ಚುವ ಅವಸರ ಅವನಿಗೆ.

ಆ ಯಂತ್ರಕ್ಕೆ ಆಕೆ ಇಟ್ಟ ಹೆಸರು ಬೇರುಗನ್ನಡಿ. ನಾವು ಒಂದು ಅಭಿಪ್ರಾಯ ಹೇಳುವಾಗ, ಅದು ಮೊದಲು ಮನಸ್ಸಿಗಿಳಿದ ಗಳಿಗೆಯ ಸದ್ದು, ವಾಸನೆ, ದನಿಗಳೂ ಮಿದುಳಿನಲ್ಲಿ ಕ್ಷಣಮಾತ್ರ ಮಿನುಗುತ್ತವೆ. ನಮಗೆ ಅದರ ಅರಿವಿರುವುದಿಲ್ಲ. ಪಟ್ಟಿಯೊಳಗಿನ ಸಂವೇದಕಗಳು ಆ ಮಿನುಗನ್ನು ಹಿಡಿದು ಗೋಡೆಯ ಮೇಲೆ ತೋರಿಸುತ್ತಿದ್ದವು. ಚುನಾವಣೆಗೆ ಇನ್ನೊಂದೇ ವಾರ. ಮತ ಹಾಕುವ ಮುಂಚೆ ಜನ ತಮ್ಮ ಮತದ ಬೇರು ನೋಡಿಕೊಳ್ಳಲಿ ಎಂದು ಆಕೆ ಊರೂರು ತಿರುಗುತ್ತಿದ್ದಳು.

ಮೂಲೆಯಲ್ಲಿದ್ದ ಫಕೀರಪ್ಪ ಸಿಂಪಿಗೆ ಇದನ್ನೆಲ್ಲ ನೋಡಿ ಒಳಗೊಳಗೇ ಖುಷಿ. ಎಪ್ಪತ್ತಾರು ವರ್ಷದ ಈ ದರ್ಜಿಯ ಅಂಗಡಿಯೇ ಒಂದು ಕಾಲಕ್ಕೆ ಊರಿನ ಓದುಮನೆಯಾಗಿತ್ತು. ಬೆಳಗಿನ ಬಸ್ಸು ಪೇಪರು ಎಸೆದು ಹೋದದ್ದೇ ತಡ, ಹತ್ತು ಹದಿನೈದು ಮಂದಿ ಕಟ್ಟೆ ಹಿಡಿಯುತ್ತಿದ್ದರು. ಫಕೀರಪ್ಪ ಹೊಲಿಗೆಯಂತ್ರ ನಿಲ್ಲಿಸಿ, ಕೊರಳಲ್ಲಿ ಟೇಪು ಇಟ್ಟುಕೊಂಡೇ ದೊಡ್ಡ ದನಿಯಲ್ಲಿ ಓದುವನು. ಪಕ್ಕದ ಹೋಟೆಲಿನಲ್ಲಿ ಮಿರ್ಚಿ ಕರಿಯುವ ವಾಸನೆ. ಒಬ್ಬ ಹೌದೆಂದರೆ ಇನ್ನೊಬ್ಬ ಅಲ್ಲವೆನ್ನುವನು, ಕಡೆಗೆ ಇಬ್ಬರೂ ಒಂದೇ ಚಹಾ ಅರ್ಧರ್ಧ ಕುಡಿಯುವರು. ಎಂಥ ದಿನಗಳವು! ನೆನೆದರೆ ಈಗಲೂ ಅವನ ಎದೆ ತುಂಬಿ ಬರುತ್ತಿತ್ತು.

"ತಂಗಿ, ನಮ್ಮ ವಾರಗಿ ಮುದುಕರನ್ನ ಕುಂದ್ರಸಿ ನೋಡು," ಎಂದ. "ನಾವು ಸಿಕ್ಕಿದ್ದೆಲ್ಲ ನುಂಗಿದವ್ರಲ್ಲ. ಹಸಿರು ಬರ್ತೈತಿ."

ದ್ಯಾಮವ್ವ ಬಂದು ಕುಳಿತಳು. ಈ ಸಲ ಎದುರುಮನೆಯ ಮುದುಕಿ ಶಾವಂತ್ರವ್ವನ ಮೊಮ್ಮಗಳು ನಿರ್ಮಲಾ ಚುನಾವಣೆಗೆ ನಿಂತಿದ್ದಳು. "ಆಕಿಗೆ ನಾ ಹಾಕಂಗಿಲ್ಲ. ದನ ಮೇಯೋ ಗಾಯರಾಣ ಕಂಪನಿಗೆ ಬಿಟ್ಟುಕೊಟ್ಟ ಮನಿ ಅದು," ಎಂದಳು ದ್ಯಾಮವ್ವ.

ಗೋಡೆಯ ಮೇಲೆ ಒಂದೇ ಬೇರು ಇಳಿಯಿತು. ದಪ್ಪ ಹಳದಿ ಬೇರು. ಕೆಳಗೆ ಅಕ್ಷರಗಳು ಮೂಡಿದವು: 'ಹೊಲಿಗೆಯಂತ್ರ ನಿಂತ ಸದ್ದು. ಕರಿದ ಎಣ್ಣೆಯ ವಾಸನೆ. ಒಬ್ಬ ಗಂಡಸಿನ ದನಿ.' ದ್ಯಾಮವ್ವನ ನಂತರ ನಾಲ್ವರು ಹಿರಿಯರು ಕುಳಿತರು. ಅದೇ ಮಾತು, ಅದೇ ಬೇರು.

"ಕಾಕಾ, ಇದು ನಿಮ್ಮ ದನಿ ಏನ್ರಿ?" ನೂರಜಹಾನ್ ಮೆಲ್ಲಗೆ ಕೇಳಿದಳು.

ಫಕೀರಪ್ಪ ಗೋಡೆಯ ಮೇಲಿನ ಅಕ್ಷರಗಳನ್ನು ಇನ್ನೊಮ್ಮೆ ಓದಿದ. ನಲವತ್ತೈದು ವರ್ಷದ ಹಿಂದೆ, 2015ರಲ್ಲಿ, ಶಾವಂತ್ರವ್ವನೇ ಚುನಾವಣೆಗೆ ನಿಂತಿದ್ದಳು. 'ಗಾಯರಾಣದಲ್ಲಿ ಸೌರಫಲಕ: ಶಾವಂತ್ರವ್ವ ಜತೆ ಕಂಪನಿ ಮಾತುಕತೆ' ಎಂದು ಪೇಪರಿನಲ್ಲಿ ಬಂದಿತ್ತು. ನಾಲ್ಕು ಸಾಲು ಓದುವಷ್ಟರಲ್ಲಿ 'ಏಳನೆಯ ಪುಟಕ್ಕೆ' ಎಂದಿತ್ತು. ಏಳನೆಯ ಪುಟ ಇರಲೇ ಇಲ್ಲ. ಮಿರ್ಚಿ ಕಟ್ಟಲು ಹೋಟೆಲಿನವನು ಒಳಗಿನ ಹಾಳೆ ಎಳೆದುಕೊಂಡು ಹೋಗಿದ್ದ. "ಮುಂದ?" ಎಂದು ಹದಿನೈದು ಮಂದಿ ಅವನ ಮುಖವನ್ನೇ ನೋಡುತ್ತಿದ್ದರು. ಹಿಂದಿನ ದಿನ ಶಾವಂತ್ರವ್ವ ಕಂಪನಿಯ ಜೀಪಿನಿಂದ ಇಳಿದದ್ದನ್ನು ಅವನು ಕಂಡಿದ್ದ. ಹಾಳೆಯಿಂದ ಕಣ್ಣೆತ್ತದೆ, ಅದೇ ಓದುವ ದನಿಯಲ್ಲಿ, ಆಕೆ ಒಪ್ಪಿದ್ದಾಳೆ ಎಂದು ತಾನೇ ಸುದ್ದಿ ಮುಗಿಸಿಬಿಟ್ಟ. ಶಾವಂತ್ರವ್ವ ಸೋತಳು. ಗಾಯರಾಣ ಕೊಟ್ಟದ್ದು ಗೆದ್ದವನು. ಊರು ಬೈದದ್ದು ಮಾತ್ರ ಆಕೆಯನ್ನೇ.

ಪೇಪರಿನಲ್ಲಿ ಹಾಗೇ ಬರೆದಿತ್ತು ಎಂದರೆ ಈಗಲೂ ಮುಗಿಯುತ್ತಿತ್ತು. ಆದರೆ ಕಂಬಕ್ಕೆ ಒರಗಿ, ಎಂಬತ್ತೈದರ ಶಾವಂತ್ರವ್ವ ಕುಳಿತಿದ್ದಳು.

"ಯಕ್ಕಾ," ಎಂದ ಫಕೀರಪ್ಪ. "ಅದು ಪೇಪರಿನಾಗ ಇರಲಿಲ್ಲ. ನಾನ ಕಟ್ಟಿ ಹೇಳಿದ್ದು." ಹಾಳೆ ಇಲ್ಲದ ಕತೆಯನ್ನೂ ಹೇಳಿದ.

ಶಾವಂತ್ರವ್ವ ಕಂಬ ಬಿಟ್ಟು ನೆಟ್ಟಗೆ ಕುಳಿತಳು.

"ಆ ಹಾಳಿ ನನ್ನ ಕೈಗೆ ಬಂದಿತ್ತಪ್ಪ," ಎಂದಳು. "ಅವತ್ತ ಸಂಜೀಗೆ ಮಿರ್ಚಿ ಕಟ್ಟಿಸಿಕೊಂಡು ಹೋಗಿದ್ದೆ. ಬಿಚ್ಚಿದ್ರ ನನ್ನ ಹೆಸರು. ಒಪ್ಪಂಗಿಲ್ಲ ಅಂದದ್ದನ್ನ ಛಂದಾಗಿ ಬರದಿದ್ರು. ನೀ ಮುಂಜಾನೆನ ಎಲ್ಲಾರಿಗೂ ಓದಿರ್ತಿ ಅಂತ ನಾ ಯಾರ ಮನಿ ಬಾಗಿಲಿಗೂ ಹೋಗಲಿಲ್ಲ. ಗೊತ್ತಿದ್ದೂ ಕೈಬಿಟ್ರಲ್ಲ, ಗೊತ್ತಿದ್ದೂ ಬೈತಾರಲ್ಲ ಅಂತ ಇಷ್ಟು ವರ್ಷ ಈ ಊರಿನ ಮ್ಯಾಲೆ ಸಿಟ್ಟಿಟ್ಟುಕೊಂಡು ಬದುಕಿದೆ."

ದ್ಯಾಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ನೂರಜಹಾನ್ ಗೋಡೆಯ ಮೇಲಿನ ಬೇರನ್ನೇ ನೋಡುತ್ತ, "ಕೇಳಿದ್ದನ್ನ ಇದು ತೋರಸ್ತೈತಿ," ಎಂದಳು. "ಕೇಳದೇ ಉಳಿದದ್ದನ್ನ ಹೆಂಗ ತೋರಸ್ಲಿ?"

ಶಾವಂತ್ರವ್ವ ಎದ್ದು, ಎದುರಿಗಿದ್ದ ತನ್ನ ಮನೆಗೆ ಹೋಗಿ ಬಂದಳು. ಟ್ರಂಕಿನ ತಳದಲ್ಲಿಟ್ಟಿದ್ದ ಹಾಳೆ. ಎಣ್ಣೆ ಇಳಿದ ಕಡೆ ಕಂದಾಗಿತ್ತು, ಅಕ್ಷರ ಅಳಿಸಿರಲಿಲ್ಲ. "ಈಗರೆ ಓದು," ಎಂದು ಫಕೀರಪ್ಪನ ಕೈಗಿತ್ತಳು.

ಫಕೀರಪ್ಪ ಎದ್ದು ನಿಂತು ಓದಿದ. ದನಿ ಮೊದಲಿನಷ್ಟು ದೊಡ್ಡದಿರಲಿಲ್ಲ. ಫೋನು ಹಿಡಿದಿದ್ದವರೂ ಅದನ್ನು ಕೆಳಗಿಟ್ಟು ಕೇಳಿದರು. ಹಳೆಯ ಕಟ್ಟೆಯೇ ಮರಳಿ ಬಂದಂತೆ ಅವನಿಗನಿಸಿತು. 'ಗಾಯರಾಣ ಊರಿನದು, ನಾನು ಕೊಡಲು ಬರುವುದಿಲ್ಲ ಎಂದು ಶಾವಂತ್ರವ್ವ ತಿಳಿಸಿದರು' ಎಂಬಲ್ಲಿಗೆ ಸುದ್ದಿ ಮುಗಿಯಿತು.

"ಮುಂದ? ಕಂಪನಿಯವ್ರು ಏನಂದ್ರು, ಕಾಕಾ?" ಬಸಲಿಂಗ ಕೇಳಿದ.

ಫಕೀರಪ್ಪ ಹಾಳೆ ತಿರುವಿ ನೋಡಿದ. ಆ ಕಡೆ ಸೀರೆ ಅಂಗಡಿಯ ಜಾಹೀರಾತಿತ್ತು.

"ಮುಂದ ಬರದಿಲ್ಲಪ್ಪ," ಎಂದ. "ನನಗ ಗೊತ್ತಿಲ್ಲ."