ಎರಡನೆಯ ಎಲೆ

ಬಹಳ ಹಿಂದೆ, ಪ್ರಾಣಿಪಕ್ಷಿಗಳು ಮನುಷ್ಯರೊಡನೆ ಮಾತಾಡುವುದನ್ನು ಇನ್ನೂ ಬಿಟ್ಟಿರದ ಕಾಲದಲ್ಲಿ, ನೀಲವಾಡಿ ಎಂಬ ರಾಜ್ಯವಿತ್ತು. ಆ ರಾಜ್ಯದ ಒಳನಾಡಿನಲ್ಲಿ ಕಲ್ಲಗೂಡು ಎಂಬ ಊರು. ಆ ಊರಿನ ಕೊನೆಯ ಮನೆಯಲ್ಲಿ ಕೇತಕಿ ಎಂಬ ಹೆಂಗಸು ಒಬ್ಬಳೇ ವಾಸವಾಗಿದ್ದಳು. ಕಾಡಿನಿಂದ ಮುತ್ತುಗದ ಎಲೆ ತಂದು, ಕಡ್ಡಿ ಚುಚ್ಚಿ, ಊಟದ ಎಲೆ ಹಚ್ಚುವುದು ಅವಳ ಕಸುಬು.

ಅವಳಿಗೊಂದು ವಿಚಿತ್ರವಾದ ಅಭ್ಯಾಸವಿತ್ತು. ಉಣ್ಣುವ ಹೊತ್ತಾದರೆ ಅವಳ ಕೈ ತಾನಾಗಿ ಎರಡು ಎಲೆ ಹಾಕುತ್ತಿತ್ತು. ಮೊದಲನೆಯ ಎಲೆಯ ತುದಿಗೆ ಎಲ್ಲರ ಮನೆಯಂತೆ ಉಪ್ಪು. ಎರಡನೆಯ ಎಲೆಯ ತುದಿಗೆ ಮಾತ್ರ ಉಪ್ಪಲ್ಲ, ಒಂದು ಚೂರು ಬೆಲ್ಲ. ಯಾರಿಗಾಗಿ ಎಂದು ಅವಳಿಗೇ ತಿಳಿಯದು. ಉಂಡು ಎದ್ದ ಮೇಲೆ ಎರಡನೆಯ ಎಲೆಯ ಅನ್ನವನ್ನು ಅಂಗಳದ ಕಾಗೆಗಳಿಗೆ ಹಾಕಿ, ಬೆಲ್ಲವನ್ನು ಮತ್ತೆ ಡಬ್ಬಿಗೆ ಹಾಕುತ್ತಿದ್ದಳು.

ಪಕ್ಕದ ಮನೆಯ ದ್ಯಾವಜ್ಜಿ ಗೋಡೆಯ ಮೇಲಿನಿಂದ ಇಣುಕಿ ಹಂಗಿಸುತ್ತಿದ್ದಳು: "ಏನೇ, ನಿನ್ನ ಕಾಣದ ಗಂಡ ಇವತ್ತಾದರೂ ಉಂಡನೇ?"

"ನೀನೇ ಬಾ ಅಜ್ಜಿ, ಉಣ್ಣು."

"ನನಗ್ಯಾಕೆ ಬೆಲ್ಲ, ಹಲ್ಲೇ ಇಲ್ಲ. ಅಲ್ಲ, ಮೊದಲು ಹೀಗಿರಲಿಲ್ಲವಲ್ಲೇ ನೀನು? ಹವಳಗೇರಿಗೆ ಹೋಗಿ ಕಡಲು ನೋಡಿ ಬಂದ ಮೇಲೆ ಹತ್ತಿದ್ದು ಈ ಚಾಳಿ. ಬೀದಿಕೊನೆಯ ಬಡಗಿಗೂ ಹಾಗೇ ಆಗಿದೆ."

ಕೇತಕಿ ಬಡಗಿಯ ಮನೆಗೆ ಹೋದಳು. ಒಂಟಿಯಾದ ಆ ಬಡಗಿ ಅಗಲವಾದ ಮಂಚದ ಒಂದು ಅಂಚಿನಲ್ಲಿ ಮಲಗುತ್ತಿದ್ದ. ಉಳಿದ ಮಂಚ ಖಾಲಿ. "ಯಾಕೆ ಹೀಗೆ?" ಎಂದರೆ, "ನಡುವೆ ಮಲಗಿದರೆ ಯಾರನ್ನೋ ತಳ್ಳಿದ ಹಾಗಾಗುತ್ತದಮ್ಮ" ಎಂದ. ಅವನೂ ಹವಳಗೇರಿಗೆ ಹೋಗಿ ಬಂದವನು. ಅವಳು ಇನ್ನೂ ಕೇಳುತ್ತ ಹೋದಳು. ಮಹಾರಾಜನೂ ಸಿಂಹಾಸನದ ಅರ್ಧದಲ್ಲಷ್ಟೇ ಕೂರುತ್ತಾನಂತೆ. ಅವನೂ ಹವಳಗೇರಿಗೆ ಹೋಗಿ ಬಂದವನೇ.

ಎಲ್ಲರೂ ಹಾಗೆಯೇ ಇದ್ದರು. ಯಾಕೆಂದು ಕೇಳಿದವರು ಯಾರೂ ಇರಲಿಲ್ಲ. ಕೇತಕಿ ಒಂದು ಕಟ್ಟು ಎಲೆ, ಒಂದು ಗಂಟು ಅಕ್ಕಿ, ಡಬ್ಬಿಯ ತಳದಲ್ಲಿದ್ದ ಒಂದು ಚೂರು ಬೆಲ್ಲ ಹೊತ್ತು ಕಡಲಿನ ದಾರಿ ಹಿಡಿದಳು.

ಹವಳಗೇರಿಯ ದಡದಲ್ಲಿ ಬೆಳ್ದಿಂಗಳ ಬಿಡದಿ ಎಂಬ ವಸತಿಗೃಹವಿತ್ತು. ಅದರ ಮೆಟ್ಟಿಲುಗಳು ನೇರವಾಗಿ ನೀರಿಗಿಳಿಯುತ್ತಿದ್ದವು. ಸಂಜೆಯಾದರೆ ಕಿಟಕಿಕಿಟಕಿಗೂ ದೀಪ. ಆ ದೀಪಗಳೆಲ್ಲ ನೀರಿನಲ್ಲಿ ಮೂಡಿ, ಅಲೆ ಬಂದಾಗ ಮುರಿದು, ಮತ್ತೆ ಕೂಡಿಕೊಳ್ಳುತ್ತಿದ್ದವು. ಅದನ್ನು ನೋಡಲೆಂದೇ ರಾಜ್ಯದ ಮೂಲೆಮೂಲೆಗಳಿಂದ ಹೊಸ ದಂಪತಿಗಳು, ಹಳೆಯ ದಂಪತಿಗಳು, ಮದುವೆಯ ಮಾತಾದವರು, ಮಾತಾಗದವರು ಎಲ್ಲ ಬರುತ್ತಿದ್ದರು. ಮೆಟ್ಟಿಲಿನ ಮೇಲೆ ಜೋಡಿ ಜೋಡಿಯಾಗಿ ಕೂತು, ನೀರಿಗೆ ಕಾಲು ಇಳಿಬಿಟ್ಟು, ಮೆಲ್ಲಗೆ ನಗುತ್ತಿದ್ದರು.

ಬಿಡದಿಯ ಒಡೆಯ ದೀಪಧರ. ಎತ್ತರದ ಆಳು, ಬಿಳಿಯ ಉಡುಗೆ, ಮೃದುವಾದ ದನಿ. ಅವನು ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಹೂಮಾಲೆ ಹಾಕುತ್ತಿದ್ದ.

"ಬನ್ನಿ ಅಮ್ಮಾ. ಜೊತೆಯವರು ಹಿಂದೆ ಬರುತ್ತಿದ್ದಾರೆಯೇ?"

"ಇಲ್ಲ. ನನ್ನ ಜೊತೆಯವರು ಯಾರೆಂದು ಕೇಳುವುದಕ್ಕೆ ಬಂದಿದ್ದೇನೆ."

ದೀಪಧರನ ಕೈಯಲ್ಲಿದ್ದ ಮಾಲೆ ಅಲ್ಲೇ ನಿಂತಿತು. ಅವನು ಅದನ್ನು ತಟ್ಟೆಯಲ್ಲಿಟ್ಟು, ಬೆಲ್ಲ ಮತ್ತು ನೀರು ತಂದು ಅವಳ ಮುಂದೆ ಹಿಡಿದ.

ಆ ನಾಡಿನಲ್ಲಿ ಒಂದು ಕಟ್ಟಳೆಯಿತ್ತು. ಒಂದು ಸೂರಿನ ಕೆಳಗೆ ಯಾರು ಬೆಲ್ಲನೀರು ಕೊಡುತ್ತಾರೋ ಅವರೇ ಒಡೆಯರು. ಯಾರು ತೆಗೆದುಕೊಳ್ಳುತ್ತಾರೋ ಅವರು ಅತಿಥಿಗಳು. ಒಡೆಯರು ಕೇಳಿದ್ದನ್ನು ಅತಿಥಿಗಳು ಇಲ್ಲವೆನ್ನುವಂತಿಲ್ಲ. ಅತಿಥಿಗಳಿಗೆ ಕೊಟ್ಟ ಮಾತನ್ನು ಒಡೆಯರು ಮುರಿಯುವಂತಿಲ್ಲ. ಯಾವ ಮಂತ್ರವೂ ಈ ಕಟ್ಟಳೆಯನ್ನು ದಾಟಲಾರದು. ಕೇತಕಿಗೆ ಅದು ಗೊತ್ತಿತ್ತು. ಆದರೂ ತೆಗೆದುಕೊಂಡಳು, ಬಾಯಾರಿತ್ತು, ಹೋಗಲು ಬೇರೆ ಬಾಗಿಲೂ ಇರಲಿಲ್ಲ.

"ಈಗ ಕೇಳಿ," ಎಂದ ದೀಪಧರ. "ನಿಮ್ಮ ಜೊತೆಯವರು ಇಲ್ಲಿಯೇ ಇದ್ದಾರೆ. ನಾನು ಹೇಳಿದ ಮೂರು ಕೆಲಸ ಮಾಡಿದರೆ ಕರೆದುಕೊಂಡು ಹೋಗಬಹುದು, ಇದು ನನ್ನ ಮಾತು. ಒಂದು ತಪ್ಪಿದರೂ ನೀವು ಇಲ್ಲಿಂದ ಹೊರಡುವಂತಿಲ್ಲ. ಮೂರೂ ಇಬ್ಬರು ಮಾಡುವ ಕೆಲಸಗಳು, ಅಮ್ಮಾ. ನೀವೋ ಒಬ್ಬರೇ."

"ಅದು ನನಗೆ ರೂಢಿ," ಎಂದಳು ಕೇತಕಿ.

ಮರುದಿನ ಮೊದಲನೆಯ ಕೆಲಸ. ಬಿಡದಿಯ ದೋಣಿಗೆ ಎರಡು ಹುಟ್ಟು. ಒಂದು ಈ ತುದಿಯಲ್ಲಿ, ಇನ್ನೊಂದು ಆ ತುದಿಯಲ್ಲಿ. ಅದರಲ್ಲಿ ಕಡಲ ನಡುವಿನ ಬಂಡೆಗೆ ಹೋಗಿ, ಅಲ್ಲಿರುವ ಶಂಖವನ್ನು ಸೂರ್ಯ ಮುಳುಗುವುದರೊಳಗೆ ತರಬೇಕು. ಕೇತಕಿ ಒಂದು ಹುಟ್ಟು ಹಾಕಿದಳು, ದೋಣಿ ತಿರುಗಿತು. ಇನ್ನೊಂದು ಹಾಕಿದಳು, ಹಿಂದಕ್ಕೆ ತಿರುಗಿತು. ಮೆಟ್ಟಿಲ ಮೇಲಿನ ಜೋಡಿಗಳು ನಕ್ಕವು. ಬಿಸಿಲು ನೆತ್ತಿಗೇರಿತು. ಅವಳು ದೋಣಿಯನ್ನು ದಡಕ್ಕೆಳೆದು, ಮರಳಿನ ಮೇಲೆ ಅನ್ನ ಬೇಯಿಸಿ ಎರಡು ಎಲೆ ಹಾಕಿದಳು.

ಆಗ ನೀರಿನಿಂದ ಗಾಡಿಯ ಗಾಲಿಯಷ್ಟು ದೊಡ್ಡ ಏಡಿಯೊಂದು ಎದ್ದು ಬಂತು. ಅದು ಆ ಕಡಲಿನ ಕಾವಲಿನ ಏಡಿ. ಜೋಡಿಗಳೆಲ್ಲ ಕಿರುಚಿ ಒಳಗೋಡಿದವು. ಕೇತಕಿಯೂ ಏಳಹೋದಳು. ಆದರೆ ಎರಡನೆಯ ಎಲೆಯ ಮುಂದೆ ಯಾರೂ ಇರಲಿಲ್ಲ.

"ಬಂದಿದ್ದೀಯೆ, ಕೂತುಕೋ," ಎಂದಳು.

ಏಡಿ ಕೂತಿತು. ಬೆಲ್ಲವನ್ನು ಬದಿಗೆ ಸರಿಸಿ, ಅನ್ನವನ್ನೆಲ್ಲ ಉಂಡಿತು. "ನನ್ನನ್ನು ಕಂಡು ಓಡಿದವರನ್ನು ಕಂಡಿದ್ದೇನೆ, ಕಲ್ಲು ಹೊಡೆದವರನ್ನು ಕಂಡಿದ್ದೇನೆ. ಎಲೆ ಹಾಕಿದವರನ್ನು ಕಂಡಿರಲಿಲ್ಲ. ಹೇಳು, ಯಾವ ಹುಟ್ಟು ಹಿಡಿಯಲಿ?"

ಇಬ್ಬರೂ ಹೊರಟರು. ದೋಣಿ ಅಡ್ಡಡ್ಡ ಹೋಯಿತು.

"ನೇರವಾಗಿ ಹೋಗಲು ಬರುವುದಿಲ್ಲವೇ ನಿನಗೆ?"

"ನನಗೆ ಇದೇ ನೇರ. ನೀನೇ ಸ್ವಲ್ಪ ತಿರುಗಿ ಕೂತುಕೋ."

ಅವಳು ತಿರುಗಿ ಕೂತಳು. ಶಂಖ ಸಿಕ್ಕಿತು. ಮರಳಿ ಬರುವಾಗ ಬಿಡದಿಯ ದೀಪಗಳು ಒಂದೊಂದಾಗಿ ಬೆಳಗಿದವು. ಏಡಿ ಮೆಲ್ಲಗೆ ಕೇಳಿತು: "ಆ ದೀಪಗಳಿಗೆ ಯಾರಾದರೂ ಎಣ್ಣೆ ಹಾಕಿದ್ದನ್ನು ಕಂಡೆಯಾ?"

ಕೇತಕಿ ಕಂಡಿರಲಿಲ್ಲ.

"ಅವು ಎಣ್ಣೆಯ ದೀಪಗಳಲ್ಲ. ಬಿಡದಿಯ ಒಡೆಯ ಮಾಂತ್ರಿಕ; ಮೆಟ್ಟಿಲ ಮೇಲೆ ಕೂತ ಜೋಡಿಗಳಲ್ಲಿ ಅವನು ಒಬ್ಬರನ್ನು ದೀಪ ಮಾಡುತ್ತಾನೆ. ಉಳಿದವರ, ಅವರ ಊರವರೆಲ್ಲರ ಕಣ್ಣಿನಿಂದ ಆ ಮುಖವನ್ನೂ ನಾಲಿಗೆಯಿಂದ ಆ ಹೆಸರನ್ನೂ ತೆಗೆದುಬಿಡುತ್ತಾನೆ. ಉಳಿದವರು ತಾವು ಒಂಟಿಯಾಗಿಯೇ ಬಂದೆವೆಂದುಕೊಂಡು ಊರಿಗೆ ಹೋಗುತ್ತಾರೆ."

ಕೇತಕಿ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಮಾಂತ್ರಿಕ ಅವಳ ಕಣ್ಣನ್ನು ತೊಳೆದಿದ್ದ, ನಾಲಿಗೆಯನ್ನು ತೊಳೆದಿದ್ದ. ಕೈಗಳನ್ನು ಮರೆತಿದ್ದ.

ಎರಡನೆಯ ಕೆಲಸ, ಬಿಡದಿಯ ದೊಡ್ಡ ಪರದೆಯನ್ನು ಒಗೆದು, ಹಿಂಡಿ, ಸಂಜೆಯೊಳಗೆ ಒಣಗಿಸುವುದು. ಪರದೆ ಒಂದು ಬೀದಿಯಷ್ಟು ಉದ್ದ. ಒಗೆದದ್ದಾಯಿತು, ಹಿಂಡುವುದಾಗಲಿಲ್ಲ. ಈ ತುದಿ ತಿರುವಿದರೆ ಆ ತುದಿಯೂ ಉರುಳುತ್ತಿತ್ತು. ಕಂಬಕ್ಕೆ ಕಟ್ಟಿದಳು, ಕಂಬ ಕಿತ್ತು ಬಂತು. ಹೊತ್ತು ಇಳಿಯಿತು. ಅವಳು ಎರಡು ಎಲೆ ಹಾಕಿದಳು.

ಮರದೆತ್ತರದ ಒಂಟಿಗಾಲಿನ ಕೊಕ್ಕರೆಯೊಂದು ಇಳಿದು ಬಂದು ಎಲೆಯನ್ನು ಒಂದು ಕಣ್ಣಿನಿಂದ ನೋಡಿತು. "ಮೀನಿಲ್ಲವೇ?"

"ಇದ್ದದ್ದನ್ನು ಬಡಿಸಿದ್ದೇನೆ."

"ಕಡಲ ದಡದಲ್ಲಿ ಕೂತು ಮೀನಿಲ್ಲದ ಊಟ! ಹುಳಿಯೂ ಇಲ್ಲ. ಅನ್ನವೂ ಸ್ವಲ್ಪ ಮುದ್ದೆ. ಬೆಲ್ಲ ಯಾರು ತಿನ್ನುತ್ತಾರೆ?" ಎಂದು ಗೊಣಗುತ್ತಲೇ ಕೊಕ್ಕರೆ ಒಂದು ಅಗುಳೂ ಬಿಡದೆ ಉಂಡಿತು, ಬೆಲ್ಲವನ್ನು ಮಾತ್ರ ಮುಟ್ಟಲಿಲ್ಲ. ಆಮೇಲೆ ಪರದೆಯ ಇನ್ನೊಂದು ತುದಿಯನ್ನು ಕೊಕ್ಕಿನಲ್ಲಿ ಕಚ್ಚಿ ಹಿಡಿಯಿತು. ಅದು ಸುಮ್ಮನಿದ್ದದ್ದು ಅಷ್ಟು ಹೊತ್ತು ಮಾತ್ರ. ಇಬ್ಬರೂ ಸೇರಿ ಹಿಂಡಿದರು. ಕೊಕ್ಕರೆ ರೆಕ್ಕೆ ಬೀಸಿ ಒಣಗಿಸಿತು.

ದೀಪಧರ ಪರದೆಯನ್ನು ಮುಟ್ಟಿ ನೋಡಿದ. "ನಿಮಗೆ ಜೊತೆಯಾದವರು ಯಾರು?"

"ಊಟಕ್ಕೆ ಕರೆದೆ. ಬಂದರು."

ಅವನು ಆ ಸಂಜೆ ಯಾರಿಗೂ ಹೂಮಾಲೆ ಹಾಕಲಿಲ್ಲ. ಮಹಡಿಯ ಮೇಲೆ ಒಬ್ಬನೇ ಓಡಾಡುತ್ತಿದ್ದ. ಕೆಳಗೆ ಮೆಟ್ಟಿಲಿನ ಮೇಲೆ ಜೋಡಿಗಳ ನಡುವೆ ಕೇತಕಿ ಒಬ್ಬಳೇ ಕೂತಿದ್ದಳು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವನ್ನು ತನಗೆ ಅರಿವಿಲ್ಲದೆಯೇ ಬಿಟ್ಟಿದ್ದಳು. ಯಾರೋ ಬಂದು, "ಇಲ್ಲಿ ಕೂರಬಹುದೇ?" ಎಂದರು. "ಇಲ್ಲ, ಬರುತ್ತಾರೆ," ಎಂದಳು. ಹಾಗೆಂದ ಮೇಲೆ ಅವಳಿಗೆ ಅಳು ಬಂತು.

ಮೂರನೆಯ ದಿನ ದೀಪ ಬೆಳಗುವ ಹೊತ್ತಿಗೆ ಅವನು ಅವಳನ್ನು ನಡುಮನೆಗೆ ಕರೆದೊಯ್ದ. ಕಿಟಕಿಗಳ ದೀಪಗಳನ್ನೆಲ್ಲ ತಂದು ಅಲ್ಲಿ ಸಾಲಾಗಿ ಇಟ್ಟಿದ್ದ. ಎಲ್ಲವೂ ಒಂದೇ ಎತ್ತರ, ಒಂದೇ ಬೆಳಕು.

"ಇವುಗಳಲ್ಲಿ ಒಂದು ನಿಮ್ಮದು. ಮುಟ್ಟಿ ತೋರಿಸಿ. ತಪ್ಪಿದರೆ ಅದರ ಪಕ್ಕದಲ್ಲಿ ನೀವೂ ಒಂದು ದೀಪ."

"ಇಬ್ಬರು ಮಾಡುವ ಕೆಲಸ ಎಂದಿದ್ದಿರಿ."

"ಹೌದು. ಗುರುತು ಹಿಡಿಯಲು ನೆನಪು ಇಬ್ಬರಲ್ಲೂ ಇರಬೇಕು."

ಕೇತಕಿ ದೀಪದಿಂದ ದೀಪಕ್ಕೆ ನಡೆದಳು. ಯಾವ ಮುಖವೂ ಮೂಡಲಿಲ್ಲ, ಯಾವ ಹೆಸರೂ ಬರಲಿಲ್ಲ. ಕೊನೆಗೆ ಅವಳು ಕಣ್ಣನ್ನು ನೆಚ್ಚುವುದನ್ನು ಬಿಟ್ಟಳು. ನೆಲದ ಮೇಲೆ ಕೂತು, ಕೈಗೆ ಬಂದ ಹಾಗೆ, ಎರಡು ಎಲೆ ಹಾಕಿದಳು. ಬೇಯಿಸಿ ಕಟ್ಟಿ ತಂದಿದ್ದ ಅನ್ನ ಬಡಿಸಿದಳು. ಹಸಿದ ದೀಪಗಳೆಲ್ಲ ಒಟ್ಟಿಗೆ ಅನ್ನದ ಕಡೆಗೆ ಬಾಗಿದವು. ತನ್ನ ಎಲೆಗೆ ಉಪ್ಪು ಹಾಕಿಕೊಂಡಳು. ದೀಪಗಳು ಉಪ್ಪಿನ ಕಡೆಗೆ ಬಾಗಿದವು. ಡಬ್ಬಿಯಲ್ಲಿ ಉಳಿದಿದ್ದ ಕೊನೆಯ ಚೂರು ಬೆಲ್ಲವನ್ನು ಎರಡನೆಯ ಎಲೆಯ ತುದಿಗೆ ಇಟ್ಟಳು.

ಮೂಲೆಯ ಒಂದು ದೀಪ ಮಾತ್ರ, ಊಟಕ್ಕೆ ಮೊದಲು ಸಿಹಿಗೆ ಕೈ ಚಾಚುವ ಮಗುವಿನಂತೆ, ಬೆಲ್ಲದ ಕಡೆಗೆ ತಿರುಗಿತು.

ಕೇತಕಿ ಎದ್ದು ಹೋಗಿ ಆ ದೀಪವನ್ನು ಮುಟ್ಟಿದಳು. ಅದು ಸುಡಲಿಲ್ಲ. ದೀಪವಿದ್ದ ಕಡೆ ಒಬ್ಬ ಗಂಡಸು ಕಣ್ಣುಜ್ಜಿಕೊಳ್ಳುತ್ತ ನಿಂತಿದ್ದ.

"ಬೊಮ್ಮರಸ," ಎಂದಿತು ಅವಳ ನಾಲಿಗೆ.

"ಎಷ್ಟು ಹೊತ್ತು ಮಾಡಿದೆಯೇ," ಎಂದ ಅವಳ ಗಂಡ. "ಹಸಿವಾಗಿತ್ತು."

ಅವನು ನೇರವಾಗಿ ಹೋಗಿ ಎಲೆಯ ತುದಿಯ ಬೆಲ್ಲವನ್ನೇ ಮೊದಲು ಕೈಗೆತ್ತಿಕೊಂಡ.

"ಮಾತು ಉಳಿಸಿದ್ದೇನೆ," ಎಂದ ದೀಪಧರ. ಅವನ ದನಿ ಒಣಗಿತ್ತು. "ಕರೆದುಕೊಂಡು ಹೊರಡಿ."

ಉಳಿದ ದೀಪಗಳು ನಡುಗಿದವು. ಬೊಮ್ಮರಸ ಅವಳ ತೋಳು ಹಿಡಿದು, "ನಡೆ, ಹೋಗೋಣ," ಎಂದ. ಕೇತಕಿಗೆ ಮಂಚದ ಅಂಚಿನಲ್ಲಿ ಮಲಗುವ ಬಡಗಿ ನೆನಪಾದ. ಬಾಗಿಲಲ್ಲಿ ತಿರುಗಿ ನೋಡಿದಳು. ದೀಪಗಳ ನಡುವೆ ಮಾಂತ್ರಿಕ ಒಬ್ಬನೇ ನಿಂತಿದ್ದ. ಅವನ ಹಿಂದೆ ಎರಡನೆಯ ಎಲೆ ಬಡಿಸಿದ ಹಾಗೆಯೇ ಇತ್ತು.

"ಯಜಮಾನರೇ, ನಿಮ್ಮ ಊಟ?"

"ನಾನು ಬಡಿಸುವವನು."

"ಅದನ್ನು ಕೇಳಲಿಲ್ಲ. ನಿಮಗೆ ಬಡಿಸುವವರು ಯಾರು?"

ದೀಪಧರ ದೀಪಗಳ ಕಡೆಗೆ ತಿರುಗಿದ. "ಈ ಮನೆ ಕಟ್ಟಿದಾಗ," ಎಂದ ನಿಧಾನವಾಗಿ, "ಸಂಜೆಯಾದರೆ ಇಲ್ಲಿ ಅಲೆಯ ಸದ್ದಲ್ಲದೆ ಬೇರೇನೂ ಇರಲಿಲ್ಲ. ಬಂದವರು ತಮ್ಮ ಜೊತೆಯವರನ್ನಷ್ಟೇ ನೋಡುತ್ತಿದ್ದರು. ಮಾಲೆ ಹಾಕಿದವನ ಮುಖ ಯಾರೂ ನೋಡಲಿಲ್ಲ. ಒಬ್ಬರನ್ನಾದರೂ ಉಳಿಸಿಕೊಂಡರೆ ಬೆಳಕಾದರೂ ಇರುತ್ತದೆ ಎಂದುಕೊಂಡೆ."

"ಬೆಳಕಾಯಿತೇ?"

ಅವನು ಒಣಗಿದ ತುಟಿ ಸವರಿಕೊಂಡ.

ಕೇತಕಿ ಗಂಡನ ಮುಂದೆ ಕೈ ಚಾಚಿದಳು. ಬೊಮ್ಮರಸ ಇನ್ನೂ ಬಾಯಿಗೆ ಹಾಕಿರದ ಬೆಲ್ಲವನ್ನು ಒಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. ಯಾಕೆಂದು ಕೇಳದೆ ಕೊಟ್ಟುಬಿಟ್ಟ. ಅವಳು ಅದನ್ನೂ ಒಂದು ಲೋಟ ನೀರನ್ನೂ ಮಾಂತ್ರಿಕನ ಮುಂದೆ ಹಿಡಿದು, "ಬನ್ನಿ, ಕೂತುಕೊಳ್ಳಿ. ಬಾಯಾರಿದ್ದೀರಿ," ಎಂದಳು.

ಅವನಿಗೆ ಆ ಮಾತನ್ನು ಯಾರೂ ಹೇಳಿರಲಿಲ್ಲ. ಕಟ್ಟಳೆ ಅವನಿಗೂ ಗೊತ್ತಿತ್ತು. ಅವನ ಕೈ ಗಾಳಿಯಲ್ಲಿ ತಡೆದು ನಿಂತಿತು. ಆಮೇಲೆ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು, ನೀರನ್ನು ತಳ ಕಾಣುವವರೆಗೆ ಕುಡಿದ.

ಬಿಡದಿಯ ಗೋಡೆಗಳು ಒಮ್ಮೆ ಉಸಿರಾಡಿದವು. ಆ ಸೂರಿನ ಕೆಳಗೆ ಈಗ ಒಡತಿ ಕೇತಕಿ, ಅತಿಥಿ ದೀಪಧರ.

"ಅತಿಥಿಗಳೇ," ಎಂದಳು ಅವಳು, "ಈ ದೀಪಗಳನ್ನು ಬಿಟ್ಟುಬಿಡಿ."

ಇಲ್ಲವೆನ್ನುವಂತಿರಲಿಲ್ಲ. ಅವನು ಊದಲಿಲ್ಲ, ಮಂತ್ರ ಹೇಳಲಿಲ್ಲ; ಕೈ ಮುಗಿದ. ದೀಪಗಳು ಒಂದೊಂದಾಗಿ ಮನುಷ್ಯರಾದವು. ಅದೇ ಹೊತ್ತಿಗೆ ಕಲ್ಲಗೂಡಿನಲ್ಲಿ ಬಡಗಿ ಉಳಿಯನ್ನು ಕೆಳಗಿಟ್ಟು, "ಗೌರಾಂಬೆ!" ಎಂದು ಕೂಗಿದ. ಅರಮನೆಯಲ್ಲಿ ಮಹಾರಾಜ ಸಿಂಹಾಸನದ ಖಾಲಿ ಅರ್ಧವನ್ನು ಕೈಯಿಂದ ಸವರಿ, ರಥ ಕಟ್ಟಲು ಹೇಳಿದ.

ಮಾಂತ್ರಿಕ ಎರಡನೆಯ ಎಲೆಯ ಮುಂದೆ ಕೂತು ಉಂಡ. ಉಣ್ಣುತ್ತ ಉಣ್ಣುತ್ತ ಅವನ ಮಂತ್ರಗಳೆಲ್ಲ ಕಳಚಿಹೋದವು; ಎಲೆ ಮಡಿಸಿ ಏಳುವಾಗ ಎತ್ತರದ ಮುದುಕನಷ್ಟೇ ಉಳಿದಿದ್ದ.

ಬೆಳಗಾದಾಗ ಅತಿಥಿ ಹೊರಡಬೇಕು. ದೀಪಧರ ಮೆಟ್ಟಿಲಿನ ಬಳಿ ನಿಂತು, "ಎಲ್ಲಿಗೆ ಹೋಗಲಿ?" ಎಂದ.

"ದಾರಿಯ ತುಂಬ ಮನೆಗಳಿವೆ. ಬಾಗಿಲು ತಟ್ಟಿ, ನೀರು ಕೇಳಿ," ಎಂದಳು ಕೇತಕಿ.

ಅವನು ಅಲೆಯಂಚಿನಲ್ಲಿ ನಡೆದು ಹೋದ. ಬಹಳ ದೂರದವರೆಗೆ ಅವನೊಬ್ಬನೇ ಕಾಣುತ್ತಿದ್ದ.

ನೀಲವಾಡಿಯ ಮಂಚಗಳು ತುಂಬಿದವು, ಸಿಂಹಾಸನವೂ ತುಂಬಿತು. ಬಿಡದಿಯಲ್ಲಿ ಎಣ್ಣೆಯ ದೀಪ ಹಚ್ಚಿದರು. ಒಂಟಿಯಾಗಿ ಬಂದವರಿಗೂ ಅಲ್ಲಿ ಜಾಗವಾಯಿತು. ಏಡಿಗೆ ದೋಣಿ ನಡೆಸುವ ಕೆಲಸ ಸಿಕ್ಕಿತು, ದೋಣಿ ಈಗಲೂ ಅಡ್ಡಡ್ಡವೇ ಹೋಗುತ್ತದೆ. ಕೊಕ್ಕರೆಗೆ ದಿನವೂ ಮೀನು ಸಿಗುತ್ತಿತ್ತು, ಅದು ದಿನವೂ ಗೊಣಗುತ್ತಿತ್ತು.

ಕೇತಕಿಯ ಮನೆಯಲ್ಲಿ ಅವಳ ಕೈ ಈಗ ಮೂರು ಎಲೆ ಹಾಕುತ್ತದೆ. ಮೊದಲ ದಿನ ದ್ಯಾವಜ್ಜಿ ಗೋಡೆಯ ಮೇಲಿನಿಂದ, "ಇದ್ಯಾರಿಗೇ ಇನ್ನೊಂದು?" ಎಂದಳು. ಬೊಮ್ಮರಸ ಆ ಎಲೆಯ ತುದಿಗೆ ತನ್ನ ಬೆಲ್ಲದಲ್ಲಿ ಅರ್ಧ ಮುರಿದು ಇಟ್ಟ. ಎಷ್ಟೋ ದಿನ ಅದರ ಮುಂದೆ ಯಾರೂ ಕೂರುವುದಿಲ್ಲ. ಕೆಲವು ದಿನ ಎತ್ತರದ ಮುದುಕನೊಬ್ಬ ಬಾಗಿಲು ತಟ್ಟಿ, ನೀರು ಕೇಳುತ್ತಾನೆ. ಅವನು ಒಳಗೆ ಬಂದ ದಿನ ಮೂವರೂ ಉಣ್ಣುತ್ತಾರೆ. ಬಾರದ ದಿನ ಇಬ್ಬರೂ ಸ್ವಲ್ಪ ಹೊತ್ತು ಕಾದು, ಆಮೇಲೆ ಉಣ್ಣುತ್ತಾರೆ. ಹೀಗೆ ಎಲ್ಲರೂ ಸುಖವಾಗಿದ್ದಾರೆ.